ಇಡಗುಂದಿಯ ಬೈರ ತಿರುಗಿ ಬಂದದ್ದು

ಇಡಗುಂದಿಯ ಬೈರ ಸತ್ತಿಲ್ಲ, ಜೀವಂತವಾಗಿ ಮನೆಗೆ ಬಂದಿದ್ದಾನೆ ಎಂಬ ಸುದ್ದಿಯನ್ನು ಸಂಗಯ್ಯನೇ ಅಂಗಡಿಯಿಂದ ತಂದ. ಗಿರಿಜವ್ವ ಆಗ ನಡುಮನೆಯಲ್ಲಿ ಕೂತು ಕೋಲಾಟದ ಕೋಲುಗಳಿಗೆ ಬಣ್ಣದ ಕಾಗದ ಸುತ್ತುತ್ತಿದ್ದಳು.

"ಯಾರು ಹೇಳಿದ್ರು?"

"ಬಸ್ಸಿನ ಕಂಡಕ್ಟರ್. ಕಣ್ಣಾರೆ ನೋಡ್ಯಾನಂತ. ಮನಿ ಮುಂದ ಕುಂತಾನಂತ."

ಒಳ್ಳೆಯದಾಯಿತು ಎನ್ನಬೇಕಿತ್ತು. ಆದರೆ ಗಿರಿಜವ್ವನ ಬಾಯಿಗೆ ಬಂದದ್ದು, "ಈಗ್ಯಾಕ ಬಂದ?" ಎಂಬ ಮಾತು. ಆಡಿದ ಮೇಲೆ ಅವಳಿಗೇ ಗಾಬರಿಯಾಯಿತು. ಸಂಗಯ್ಯ ಹೆಂಡತಿಯ ಮುಖವನ್ನೊಮ್ಮೆ ನೋಡಿ, ಕೈಕಾಲು ತೊಳೆಯಲು ಹಿತ್ತಿಲಿಗೆ ಹೋದ.

ಗಿರಿಜವ್ವ ಬನವಾಸಿ ಕಡೆಯ ಹೆಣ್ಣು. ಯಲ್ಲಾಪುರದ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಸಂಗಯ್ಯನ ಕೈಹಿಡಿದು ಬಂದವಳು. ಮಗಳು ಮದುವೆಯಾಗಿ ಹಾವೇರಿಗೆ ಹೋದ ಮೇಲೆ, ಸೋಮವಾರ ಭಜನೆಗೆ ಸೇರುವ ಹೆಂಗಸರನ್ನೇ ಕೂಡಿಸಿ ಒಂದು ಮಂಡಳ ಮಾಡಿಕೊಂಡಿದ್ದಳು. ಮುಂಬೈ ಸರಕಾರ ಹೋಗಿ ಜಿಲ್ಲೆ ಮೈಸೂರಿಗೆ ಸೇರಿ ಮೂರು ನಾಲ್ಕು ವರ್ಷವಾಗಿದ್ದ ಕಾಲ. ಮಂಡಳಕ್ಕೆ ಭಜನೆ ಬಿಟ್ಟರೆ ಬೇರೆ ಕೆಲಸವೇನೂ ಇರಲಿಲ್ಲ.

ಕೆಲಸ ಹುಟ್ಟಿದ್ದು ಆ ವರ್ಷದ ಶ್ರಾವಣದಲ್ಲಿ. ಮರ ಕಡಿಯುವ ಗುತ್ತಿಗೆದಾರನ ಕೈಕೆಳಗೆ ದುಡಿಯುತ್ತಿದ್ದ ಬೈರ ಬೇಡ್ತಿ ಹೊಳೆ ದಾಟಲು ಹೋದವನು ಮನೆಗೆ ಬರಲಿಲ್ಲ. ಅವನ ಕಂಬಳಿ ಮಾತ್ರ ಕೆಳಗಡೆ ಬಿದಿರ ಹಿಂಡಿನಲ್ಲಿ ಸಿಕ್ಕಿಕೊಂಡಿತ್ತು. ಊರವರು ಹೊಳೆಯ ಉದ್ದಕ್ಕೂ ಕೂಗಿ, ಹುಡುಕಿ, ಕೊನೆಗೆ ಕೈಬಿಟ್ಟರು. ಅವನ ಹೆಂಡತಿ ದ್ಯಾವಮ್ಮ ಬಳೆ ಒಡೆದುಕೊಂಡಳು. ಕೆಲವು ದಿನಗಳ ಮೇಲೆ ಅವಳು ಮೂರು ಮಕ್ಕಳನ್ನು ಕಟ್ಟಿಕೊಂಡು ಬಂದು ಸಂಗಯ್ಯನ ಅಂಗಡಿಯ ಮೆಟ್ಟಿಲಲ್ಲಿ ಕೂತಿದ್ದಳು. ಹರಕು ಬಟ್ಟೆ ಏನಾದರೂ ಇದ್ದರೆ ಕೊಡಿ ಎಂದಳು. ಕಿರಿಯ ಮಗು ಬಟ್ಟೆ ಸುತ್ತಿದ್ದ ಕಾಗದವನ್ನು ಹರಿದು ಬಾಯಿಗೆ ಹಾಕಿಕೊಳ್ಳುತ್ತಿತ್ತು. ಅದನ್ನು ನೋಡಿದ ಗಿರಿಜವ್ವನಿಗೆ ಆ ದಿನ ಊಟ ಸೇರಲಿಲ್ಲ.

ಮರುಸೋಮವಾರದಿಂದ ಮಂಡಳದ ಹೆಂಗಸರು ಪ್ರತಿ ಮನೆಯಲ್ಲೂ ಒಂದು ಗಡಿಗೆ ಇಡಿಸಿದರು. ಅನ್ನಕ್ಕೆ ಅಕ್ಕಿ ತೊಳೆಯುವ ಮೊದಲು ಒಂದು ಮುಷ್ಟಿ ಅದಕ್ಕೆ ಹಾಕಬೇಕು. ಸೇರಿದ ಅಕ್ಕಿಯನ್ನು ಅವರೇ ಬಸ್ಸಿನಲ್ಲಿ ಇಡಗುಂದಿಗೆ ಒಯ್ದು ಕೊಡುತ್ತಿದ್ದರು. ಅವರ ಗಂಡಂದಿರಲ್ಲಿ ನಾಲ್ಕಾರು ಮಂದಿ ಹೋಗಿ ದ್ಯಾವಮ್ಮನ ಮನೆಯ ಮಾಡಿಗೆ ಹೊಸ ಹುಲ್ಲು ಹೊದಿಸಿ ಬಂದರು. ಹಿರಿಯ ಹುಡುಗಿ ದೇವಿಯನ್ನು ಗಿರಿಜವ್ವ ತನ್ನ ಮನೆಯಲ್ಲೇ ಇಟ್ಟುಕೊಂಡು ಶಾಲೆಗೆ ಸೇರಿಸಿದಳು. ವರ್ಷಪೂರ್ತಿ ಮಕ್ಕಳ ಹೊಟ್ಟೆಗೆ ಸಾಲುವಷ್ಟು ಅಕ್ಕಿ ಒಮ್ಮೆಲೇ ಕೂಡಿಸಿ ಇಡಬೇಕೆಂದು ದೀಪಾವಳಿ ಕಳೆದ ಮೇಲೆ ಕೋಲಾಟವನ್ನು ಗೊತ್ತುಮಾಡಿದರು. ಅಕ್ಕಿ ಗಿರಣಿಯ ಅಂಗಳದಲ್ಲಿ ಹುಡುಗಿಯರ ಕೋಲಾಟ. ನೋಡಲು ಬರುವವರು ಒಂದೊಂದು ಸೇರು ಅಕ್ಕಿ ತರಬೇಕು. ಸುತ್ತಲಿನ ಮೂರು ತಾಲೂಕಿನ ಮೋಟಾರು ದಾರಿಯಲ್ಲೆಲ್ಲ ಈ ಸುದ್ದಿ ಹಬ್ಬಿತ್ತು. ಬರುವ ಆದಿತ್ಯವಾರವೇ ಕೋಲಾಟ. ಅಷ್ಟರಲ್ಲಿ ಬೈರ ಬಂದಿದ್ದ.

ಮರುದಿನ ಗಿರಿಜವ್ವ ದೇವಿಯನ್ನೂ, ಮಂಡಳದ ಹಿರಿಯಳಾದ ನೀಲಗಂಗವ್ವನನ್ನೂ ಕರೆದುಕೊಂಡು ಬಸ್ಸು ಹತ್ತಿದಳು.

"ನಿಮ್ಮಪ್ಪ ಬಂದಾನಂತ," ಎಂದು ಹುಡುಗಿಗೆ ಹೇಳಿದಳು.

"ಅಪ್ಪ ಸತ್ತೋಗಿದ್ನಲ," ಎಂದಳು ದೇವಿ. ಅಲ್ಲಿಂದ ಮುಂದೆ ದಾರಿಯುದ್ದಕ್ಕೂ ಅವಳು ಗಿರಿಜವ್ವನ ಸೆರಗು ಬಿಡಲಿಲ್ಲ.

ಬೈರ ನಿಜವಾಗಿಯೂ ಮನೆಯ ಮುಂದೆ ಕೂತಿದ್ದ. ಗಡ್ಡ ಬೆಳೆದಿತ್ತು, ಕೆನ್ನೆ ಒಳಗೆ ಹೋಗಿತ್ತು. ಇವರನ್ನು ಕಂಡು ಎದ್ದು ನಿಂತ. ಚಿಕ್ಕ ಮಕ್ಕಳಿಬ್ಬರೂ ದೂರದಲ್ಲಿ ಸೌದೆ ರಾಶಿಯ ಹಿಂದೆ ನಿಂತು ಅವನನ್ನು ನೋಡುತ್ತಿದ್ದವು. ದೇವಿ ಗಿರಿಜವ್ವನ ಬೆನ್ನ ಹಿಂದೆ ಸರಿದಳು.

"ಎಲ್ಲಿದ್ದಿ ಇಷ್ಟು ದಿನ?" ಗಿರಿಜವ್ವ ಕೇಳಿದಳು. ಜೋರು ಮಾಡಬೇಕೆಂದುಕೊಂಡು ಬಂದಿದ್ದಳು, ದನಿ ಏಳಲಿಲ್ಲ.

"ಹೊಳೆ ಎಳ್ಕೊಂಡು ಹೋಯ್ತು ಅಮ್ಮ. ಆಚೆ ದಡಕ್ಕೆ ಬಿದ್ದೆ. ಬೆಳಗಾದ ಮೇಲೆ ಈಚೆ ದಡದಲ್ಲಿ ಜನ ನನ್ನ ಹೆಸರು ಹಿಡ್ದು ಕೂಗ್ತಿದ್ರು. ಓ ಅನ್ನೂಕೆ ಬಾಯಿ ತೆರ್ದೆ. ಅನ್ಲಿಲ್ಲ."

"ಯಾಕ ಅನ್ಲಿಲ್ಲ?"

ಬೈರ ನೆಲ ನೋಡಿದ. "ಗೊತ್ತಿಲ್ರಾ ಅಮ್ಮ. ಹೊಳೇಲಿ ಹೋದೋನು ಹೋದ, ಇನ್ನು ಅವ್ನ ಯಾರೂ ಏನೂ ಕೇಳೂದಿಲ್ಲ ಅನ್ಸ್ತು. ಎದ್ದು ಆಚೆ ಮುಖ ಮಾಡಿ ನಡ್ದೆ. ಅಂಕೋಲೇಲಿ ಒಂದು ಚಾ ಅಂಗಡೀಲಿ ನೀರು ಹೊತ್ಕೊಂಡು ಇದ್ದೆ."

"ಮಕ್ಕಳ ನೆನಪು ಬರಲಿಲ್ಲೇನು?"

"ದಿನಾ ಬಂತು."

ನೀಲಗಂಗವ್ವ ಕೆಮ್ಮಿದಳು. ಬೈರ ತಾನಾಗಿಯೇ ಮುಂದುವರಿಸಿದ: "ಮೊನ್ನೆ ಲಾರಿ ಡ್ರೈವರ್ ಒಬ್ಬ ಅಲ್ಲಿ ಚಾ ಕುಡೀತಾ ಹೇಳ್ತಿದ್ದ, ಯಲ್ಲಾಪುರದ ಅಮ್ಮನೋರು ಸತ್ತೋದ ಬೈರನ ಮಕ್ಕಳಿಗೆ ಅಂತ ಕೋಲಾಟ ಇಟ್ಟಾರೆ ಅಂತ. ಯಾರ್ಯಾರೋ ನನ್ನ ಮಕ್ಕಳಿಗೆ ಅನ್ನ ಹಾಕ್ತಾರೆ, ನಾ ಇಲ್ಲಿ ಲೋಟ ತೊಳೀತಾ ಕೂತೀನಿ ಅನ್ಸ್ತು. ಬಂದ್ಬಿಟ್ಟೆ."

"ಅಕ್ಕಿ ವಾಸನಿ ಹಿಡದು ಬಂದಾನ," ಎಂದು ನೀಲಗಂಗವ್ವ ಗಿರಿಜವ್ವನ ಕಿವಿಯಲ್ಲಿ ಹೇಳಿದಳು. ಇರಬಹುದು ಎನ್ನಿಸಿತು ಗಿರಿಜವ್ವನಿಗೆ. ಇರಲಾರದು ಎಂದೂ ಎನ್ನಿಸಿತು. ಅವನ ಮುಖ ನೋಡಿದರೆ ಎರಡರಲ್ಲಿ ಯಾವುದೆಂದು ಅವನಿಗೂ ತಿಳಿದಂತಿರಲಿಲ್ಲ.

ಒಳಗೆ ದ್ಯಾವಮ್ಮ ಒಲೆಯ ಮುಂದೆ ಕೂತಿದ್ದಳು. ಕೈ ಇನ್ನೂ ಬರಿದಾಗಿತ್ತು.

"ಗಂಡ ಬಂದಾನ. ಸಂತೋಷ ಆತೇನು?"

"ಆಗೂಕೇ ಬೇಕಲ ಅಮ್ಮ," ಎಂದಳು ದ್ಯಾವಮ್ಮ. "ಸತ್ತಾನೆ ಅಂದಾಗ ಅಷ್ಟು ಅತ್ತಿರ್ಲಿಲ್ಲ, ಬಂದ ಮೇಲೆ ಅತ್ತೆ. ಎಂತಕ್ಕೆ ಅಂತ ಗೊತ್ತಿಲ್ಲ. ಅಕ್ಕಿ ತೊಳಿಯೂಕೆ ಕೂತ್ರೆ ಅವ್ರಿಗೂ ಸೇರ್ಸಿ ಹಾಕೂದು ಮರ್ತೇ ಹೋಗ್ತದೆ. ನಿನ್ನೆ ನಾ ಉಣ್ಲಿಲ್ಲ, ನನ್ನ ಪಾಲು ಅವ್ರಿಗೆ ಕೊಟ್ಟೆ." ಬೆಂಕಿ ಕೆದಕುತ್ತ, ತಲೆಯೆತ್ತದೆ ಕೇಳಿದಳು: "ಇನ್ನು ಅಕ್ಕಿ ನಿಲ್ಲಸ್ತ್ರಾ ಅಮ್ಮ?"

ಗಿರಿಜವ್ವ ಒಲೆಯಿಂದ ಹೊರಬಿದ್ದ ಕೊಳ್ಳಿಯನ್ನು ಒಳಗೆ ತಳ್ಳಿದಳು. ಹೊರಡುವಾಗ ಬೈರ, "ದೇವಿ ಇಲ್ಲೇ ಇರ್ಲಿ ಅಮ್ಮ," ಎಂದ. ಹುಡುಗಿ ಹೆದರಿ ಗಿರಿಜವ್ವನ ಸೊಂಟ ತಬ್ಬಿಕೊಂಡಳು. "ಪರೀಕ್ಷಿ ಮುಗೀಲಿ," ಎಂದು ಗಿರಿಜವ್ವ ಬಾಯಿಗೆ ಬಂದದ್ದು ಹೇಳಿ ದೇವಿಯ ಕೈ ಹಿಡಿದು ನಡೆದುಬಿಟ್ಟಳು. ಬಸ್ಸಿನಲ್ಲಿ ಕೂತ ಮೇಲೆ, ಹಾಗೆ ಹೇಳಿದ್ದು ಹುಡುಗಿಗಾಗಿಯೋ ತನಗಾಗಿಯೋ ಎಂದು ತಲೆ ಕೆಡಿಸಿಕೊಂಡಳು. ಮಗಳು ಹೋದ ಮೇಲೆ ಮನೆಯಲ್ಲಿ ಸಂಜೆ ಪಾಠ ಓದುವ ದನಿ ಕೇಳಿದ್ದು ದೇವಿ ಬಂದ ಮೇಲೆಯೇ.

ಆ ಮಧ್ಯಾಹ್ನ ಮಂಡಳದ ಹೆಂಗಸರೆಲ್ಲ ಸೇರಿದರು. ಒಬ್ಬೊಬ್ಬರದು ಒಂದೊಂದು ಮಾತು.

"ಗಂಡ ಸತ್ತಾಕಿಗೆ ಅಂತ ಕೇಳೇವಿ. ಈಗ ಜನಕ್ಕ ಏನಂತ ಹೇಳೂದು? ನಾವ ಸುಳ್ಳು ಹೇಳಿದಂಗ ಆತಲ್ಲ," ಎಂದಳು ನೀಲಗಂಗವ್ವ.

"ನಾವು ಸುಳ್ಳು ಹೇಳಿಲ್ಲ, ನಮಗೆ ಗೊತ್ತಿರಲಿಲ್ಲ ಅಷ್ಟೆ," ಎಂದಳು ಕೋಲಾಟ ಕಲಿಸಿದ ಶಾಲೆಯ ಶಿಕ್ಷಕಿ ಪರಿಮಳಾ. "ಹುಡುಗಿಯರು ಇಷ್ಟು ದಿನ ಕಲಿತಾರೆ. ಬೇಡ ಅಂದರೆ ಏನಂತ ಬೇಡ ಅನ್ನಲಿ? ಒಬ್ಬ ಬದುಕಿ ಬಂದ, ಅದಕ್ಕೆ ಕೋಲಾಟ ಇಲ್ಲ ಅಂತ ಹೇಳಲಾ?"

ಒಬ್ಬರಿಗೆ ನಗು ಬಂತು, ಉಳಿದವರೂ ನಕ್ಕರು. ನಕ್ಕ ಮೇಲೆ ಎಲ್ಲರಿಗೂ ಮುಜುಗರವಾಯಿತು. ಮಾತು ಎಲ್ಲಿಗೂ ಮುಟ್ಟಲಿಲ್ಲ. ಕೋಲಾಟ ಬೇಡವೆಂದು ಯಾರೂ ಗಟ್ಟಿಯಾಗಿ ಹೇಳದ್ದರಿಂದ ಅದು ಹಾಗೆಯೇ ಉಳಿಯಿತು.

ಆದಿತ್ಯವಾರ ಸಂಜೆ ಗಿರಣಿಯ ಅಂಗಳದಲ್ಲಿ ಕಾಲಿಡಲು ಜಾಗವಿರಲಿಲ್ಲ. ಇಷ್ಟು ಮಂದಿಯನ್ನು ಗಿರಿಜವ್ವ ನೆನೆಸಿರಲಿಲ್ಲ. ಮಂಚೀಕೇರಿ, ವಜ್ರಳ್ಳಿ, ಚಂದಗುಳಿಯಿಂದಲೂ ಜನ ಬಂದಿದ್ದರು. ಬಂದವರ ಕಣ್ಣು ಮಾತ್ರ ಹುಡುಗಿಯರ ಕಡೆಗಿರಲಿಲ್ಲ. ಸತ್ತು ಬಂದವನು ಯಾರು, ಎಲ್ಲಿ ಕೂತಿದ್ದಾನೆ ಎಂದು ಕತ್ತು ಉದ್ದ ಮಾಡಿ ಹುಡುಕುತ್ತಿದ್ದರು. ಬೈರ ಹಿಂದುಗಡೆ ಗೋಡೆಗೆ ಒರಗಿ, ಕಿರಿಯ ಮಗುವನ್ನು ತೊಡೆಯ ಮೇಲೆ ಇಟ್ಟುಕೊಂಡು, ತಲೆ ತಗ್ಗಿಸಿ ಕೂತಿದ್ದ. ಆ ಮಗು ಯಾವಾಗ ಅವನ ತೊಡೆ ಏರಿತೋ ಗಿರಿಜವ್ವನಿಗೆ ತಿಳಿಯಲಿಲ್ಲ.

ಅವಳು ಎದ್ದು ನಿಂತಳು. ಮನೆಯಲ್ಲಿ ಯೋಚಿಸಿಕೊಂಡಿದ್ದ ಮಾತೆಲ್ಲ ಹಾರಿಹೋಗಿತ್ತು.

"ಬೈರ ಸತ್ತಾನಂತ ತಿಳಿದು ನಿಮ್ಮನ್ನ ಅಕ್ಕಿ ಕೇಳಿದ್ವಿ. ಬೈರ ಬದುಕ್ಯಾನ. ಆದರ ಮಕ್ಕಳು ಹಸದದ್ದು ಸುಳ್ಳಲ್ಲ, ಅದನ್ನ ನಾನ ನೋಡೇನಿ. ಕೊಟ್ಟದ್ದು ತಿರುಗಿ ಬೇಕನ್ನಾವ್ರು ಒಯ್ಯಬಹುದು. ನಾವು ಬ್ಯಾಸರಾ ಮಾಡ್ಕೊಳ್ಳೂದಿಲ್ಲ."

ಮುದುಕನೊಬ್ಬ ಎದ್ದು ಬಂದು ತನ್ನ ಅಕ್ಕಿಯ ಗಂಟನ್ನು ಹುಡುಕಿ ತೆಗೆದುಕೊಂಡ. ಅವನ ಹಿಂದೆ ಇನ್ನಿಬ್ಬರು ಎದ್ದರು. ಮುದುಕನ ಪಂಚೆಯ ತುಂಬ ತೇಪೆ ಇದ್ದುದನ್ನು ಗಿರಿಜವ್ವ ಕಂಡಳು. ಬೈರನಿಗೆ ಕೊಡಬೇಕಾದದ್ದೋ ಇವನಿಗೆ ಕೊಡಬೇಕಾದದ್ದೋ ಎಂದು ಒಂದು ಕ್ಷಣ ತಬ್ಬಿಬ್ಬಾದಳು. ಅಷ್ಟರಲ್ಲಿ ಪರಿಮಳಾ ಹುಡುಗಿಯರಿಗೆ ಕೈ ಸನ್ನೆ ಮಾಡಿದಳು. ಕೋಲುಗಳ ಸದ್ದು ಶುರುವಾಯಿತು. ದೇವಿ ಎರಡು ಸಲ ತಪ್ಪು ಕೋಲಿಗೆ ಹೊಡೆದಳು, ಕಣ್ಣು ಗೋಡೆಯ ಕಡೆಗಿತ್ತು.

ಮುಗಿದಾಗ ಅಕ್ಕಿ ನೆನೆಸಿದ್ದಕ್ಕಿಂತ ಹೆಚ್ಚೇ ಸೇರಿತ್ತು. ಮೂಟೆಗಳನ್ನು ಗಾಡಿಗೆ ಏರಿಸಲು ಬೈರನೇ ಎದ್ದು ಬಂದ. ಕೊನೆಯ ಮೂಟೆ ಇಟ್ಟು, ಬೆವರು ಒರೆಸಿಕೊಂಡು ಗಿರಿಜವ್ವನ ಬಳಿ ನಿಂತ.

"ಅಮ್ಮ, ನಾ ಬರ್ದೇ ಇದ್ರೂ ಇಷ್ಟು ಕೊಡ್ತಿದ್ರಿ ಅಲ್ದಾ?"

"ಕೊಡ್ತಿದ್ವಿ."

"ಹಂಗಾರೆ ನಾ ಬಂದಿದ್ದು ಎಂತಕ್ಕೆ ಆಯ್ತು?"

ಅವನು ವ್ಯಂಗ್ಯವಾಡುತ್ತಿರಲಿಲ್ಲ. ದೊಡ್ಡವರನ್ನು ದಾರಿ ಕೇಳುವಂತೆ ಕೇಳಿದ್ದ. ಗಿರಿಜವ್ವ ಗಾಡಿಯ ಕಡೆ ನೋಡಿದಳು. "ಆ ಮೂಟಿ ಬಾಯಿ ಬಿಗಿ ಕಟ್ಟು, ದಾರ್ಯಾಗ ಸೋರ್ತೈತಿ," ಎಂದಳು. ಅವನು ಹೋಗಿ ಬಿಗಿಯಾಗಿ ಕಟ್ಟಿದ.

ಬೈರ ಮತ್ತೆ ಎಲ್ಲಿಗೂ ಹೋಗಲಿಲ್ಲ. ಬೇಸಿಗೆಯಲ್ಲಿ ಪರೀಕ್ಷೆ ಮುಗಿದ ದಿನ ತಾನೇ ಬಂದು ದೇವಿಯನ್ನು ಕರೆದ. ಆಗಲೂ ಅವಳು ಗಿರಿಜವ್ವನ ಸೊಂಟ ತಬ್ಬಿಕೊಂಡಾಳು ಎಂದು ಸಂಗಯ್ಯ ಬಾಗಿಲಲ್ಲೇ ನಿಂತಿದ್ದ. ಹುಡುಗಿ ಮಾತ್ರ ಪಾಟಿಯನ್ನು ಅಪ್ಪನ ಕೈಗೆ ಕೊಟ್ಟು, ಚಪ್ಪಲಿ ಮೆಟ್ಟಿ, ಶಾಲೆ ಬಾಗಿಲು ತೆರೆದ ದಿನವೇ ಬರುತ್ತೇನೆಂದು ಹೇಳಿ ಹೊರಟಳು. ಅಪ್ಪ ಮಗಳು ಬಸ್‌ಸ್ಟ್ಯಾಂಡಿನ ದಾರಿಯಲ್ಲಿ ಏನೋ ವಾದ ಮಾಡುತ್ತಾ ಹೋಗುತ್ತಿದ್ದರು. ಗಿರಿಜವ್ವನಿಗೆ ಹಗುರವೂ ಆಯಿತು, ಏನೋ ಕಸಿದುಕೊಂಡಂತೆಯೂ ಆಯಿತು. ಅಡಿಗೆಮನೆಗೆ ಹೋಗಿ ಮಧ್ಯಾಹ್ನದ ಅಕ್ಕಿ ಅಳೆಯತೊಡಗಿದವಳು, ಎಷ್ಟು ಜನಕ್ಕೆಂದು ತೋಚದೆ ಸ್ವಲ್ಪ ಹೊತ್ತು ಹಾಗೆಯೇ ನಿಂತುಕೊಂಡಳು.