ಎಂಟನೆಯ ಲಾಕಿನ ಕಟ್ಟೆ

ಬ್ಲಾಂಚ್ ಕೀಪಿಂಗ್ ತಂದಿಟ್ಟಿದ್ದ ಜೋನಿಬೆಲ್ಲದ ಬ್ರೆಡ್ಡಿನ ತಟ್ಟೆಯನ್ನು ವರ್ನಾ ಎರಡು ಬೆರಳಿನಿಂದ ಮೇಜಿನ ಹಿಂಬದಿಗೆ ತಳ್ಳಿ, ಅದರ ಮುಂದೆ ದೊಡ್ಡ ಟೀ ಪಾತ್ರೆಯನ್ನು ಎಳೆದು ನಿಲ್ಲಿಸಿದಳು. ಯಾರೂ ನೋಡಲಿಲ್ಲ ಅಂದುಕೊಂಡಳು. ಗಂಡನ ಅಕ್ಕ ಎಫಿ ನೋಡಿದ್ದಳು.

“ಅದನ್ನ್ಯಾಕೆ ಬಚ್ಚಿಡ್ತೀಯೆ? ಥೇಟ್ ನಮ್ಮಮ್ಮ ಮಾಡಿದ ಹಾಗಿದೆ. ನಾನು ಆಗಲೇ ಎರಡು ಚೂರು ತಿಂದೆ.”

“ಜಾಗ ಇರಲಿಲ್ಲ.”

“ಅರ್ಧ ಮೇಜು ಖಾಲಿ ಇದೆ ಕಣೇ.”

ವರ್ನಾ ಟೀ ಬಟ್ಟಲುಗಳನ್ನು ಜೋಡಿಸತೊಡಗಿದಳು. ಗಂಡ ಲಿಯಾಂಡರ್ ಪಾರ್ಡಿಯನ್ನು ಮಣ್ಣು ಮಾಡಿ ಬಂದು ಇನ್ನೂ ಹೆಚ್ಚು ಹೊತ್ತಾಗಿರಲಿಲ್ಲ. ಚರ್ಚಿನ ನೆಲಮಾಳಿಗೆಯ ತುಂಬ ಒದ್ದೆ ಕೋಟುಗಳ ವಾಸನೆ. ಬಂದವರು ಒಬ್ಬೊಬ್ಬರಾಗಿ ಅವಳ ಕೈ ಹಿಡಿದು, ತಲೆ ತಗ್ಗಿಸಿ, ಆಮೇಲೆ ಮೆಲ್ಲಗೆ ಆಚೆ ಗೋಡೆಯ ಕಡೆಗೆ ಸರಿಯುತ್ತಿದ್ದರು. ಅಲ್ಲಿ ಬ್ಲಾಂಚ್ ಕೂತಿದ್ದಳು.

ಬ್ಲಾಂಚ್ ‘ಹ್ಯಾರಿಯಟ್ ಬೆಲ್’ ಹಡಗಿನ ಅಡುಗೆಯವಳು. ಅದೇ ಹಡಗಿನಲ್ಲಿ ಲಿಯಾಂಡರ್ ಚುಕ್ಕಾಣಿ ಹಿಡಿಯುತ್ತಿದ್ದ; ಎಲ್ಲರೂ ಅವನನ್ನು ಲೀ ಅನ್ನುತ್ತಿದ್ದರು. ಬೆಳಿಗ್ಗೆ ಹಡಗು ಕಾಲುವೆಯ ಮೊದಲನೆಯ ಲಾಕಿಗೆ, ನೀರು ತುಂಬಿಸಿ ಹಡಗನ್ನು ಮೇಲೆತ್ತುವ ತೊಟ್ಟಿಗೆ, ಬಂದಾಗ ಅವಳು ಕ್ಯಾಪ್ಟನ್ನನ ಅಪ್ಪಣೆ ಪಡೆದು ಇಳಿದು, ಯಾರದೋ ಕಾರಿನಲ್ಲಿ ಪೋರ್ಟ್ ಕಾಲ್ಬೋರ್ನಿಗೆ ಬಂದಿದ್ದಳು. ಹಡಗು ಹಗಲೆಲ್ಲ ಕಾಲುವೆ ಹತ್ತಿ ಸಂಜೆಗೆ ಇದೇ ಊರಿನ ಎಂಟನೆಯ ಲಾಕಿಗೆ ಬರುತ್ತದೆ. ಅದೇ ಕೊನೆಯದು. ಅಲ್ಲಿ ಬ್ಲಾಂಚ್ ಹತ್ತದಿದ್ದರೆ ಹಡಗು ಅವಳನ್ನು ಬಿಟ್ಟು ದೊಡ್ಡ ಸರೋವರಕ್ಕೆ ಇಳಿದುಬಿಡುತ್ತದೆ.

“ಕ್ಯಾಪ್ಟನ್ ಊಟಕ್ಕೆ ಕೂತಿದಾರೆ,” ಬ್ಲಾಂಚ್ ಹೇಳುತ್ತಿದ್ದಳು. “ಅವರ ಬೆನ್ನ ಹಿಂದೆ ನಮ್ಮ ಲೀ. ಅವರ ಥರಾನೇ ಹೊಟ್ಟೆ ಮುಂದೆ ಮಾಡ್ಕೊಂಡು, ‘ಮಿಸೆಸ್ ಕೀಪಿಂಗ್, ಈ ಆಲೂಗಡ್ಡೆ ಯಾವ ಬಂದರಲ್ಲಿ ಹತ್ತಿದ್ದು? ಇದರ ಹತ್ರ ಟಿಕೆಟ್ ಇದೆಯಾ?’ ಅಂತ! ನಗು ತಡೀಲಾರದೆ ನಾನು ಸೂಪಿನ ಪಾತ್ರೆ ಮೇಲೇ ಕೆಮ್ಮಿಬಿಟ್ಟೆ.”

“ಆ ಸೂಪು ನಾವು ಕುಡಿದ್ವಾ?” ಅಂದ, ಅದೇ ಹಡಗಿನಿಂದ ನಿವೃತ್ತನಾಗಿದ್ದ ಮುದುಕ ಎಂಜಿನಿಯರ್.

“ಕುಡಿದ್ರಿ. ಇನ್ನೊಂದು ಬಟ್ಟಲು ಕೇಳಿ ಕುಡಿದ್ರಿ.”

ಗೋಡೆಯ ಕಡೆಯವರೆಲ್ಲ ನಕ್ಕರು. ವರ್ನಾಳ ಮಗಳು ರೋಂಡಾ ಕೂಡ ಕಣ್ಣೊರೆಸಿಕೊಂಡು ನಗುತ್ತಿದ್ದಳು. “ಅಪ್ಪ ಹೀಗೆಲ್ಲ ಮಾಡ್ತಿದ್ರಾ! ಅಮ್ಮಾ, ನಿನಗೆ ಗೊತ್ತಿತ್ತಾ?”

“ಗೊತ್ತಿಲ್ಲದೆ ಏನು,” ಅಂದಳು ವರ್ನಾ.

ಗೊತ್ತಿರಲಿಲ್ಲ. ಮನೆಯಲ್ಲಿ ಲಿಯಾಂಡರನ ಮಾತು ಕಡಿಮೆ. ಊಟಕ್ಕೆ ಕೂತಾಗ ಉಪ್ಪು ಬೇಕಾದರೂ ಬೆರಳು ತೋರಿಸುತ್ತಿದ್ದ.

*

ಈ ಸರೋವರಗಳ ಹಡಗಿನವನನ್ನು ಮದುವೆಯಾದವಳಿಗೆ ನೀರು ಹೆಪ್ಪುಗಟ್ಟಿದಾಗ ಮಾತ್ರ ಗಂಡ ಮನೆಯಲ್ಲಿ ಸಿಗುತ್ತಾನೆ. ಮಂಜುಗಡ್ಡೆ ಒಡೆಯಿತೋ, ಹೋದ. ಉಳಿದ ದಿನಗಳಿಗೆ ಕಾಲುವೆಯೇ ಗತಿ.

ಕೆಳಗಿನ ಸರೋವರದಿಂದ ಮೇಲಿನದಕ್ಕೆ ಎಂಟು ಲಾಕುಗಳು, ನೀರಿನ ಮೆಟ್ಟಿಲುಗಳ ಹಾಗೆ. ಹಡಗು ಒಳಗೆ ಬಂದರೆ ಹಿಂದಿನ ಬಾಗಿಲು ಮುಚ್ಚುತ್ತದೆ, ನೀರು ತುಂಬುತ್ತದೆ, ಹಡಗು ಮೆಲ್ಲಗೆ ಮೇಲೇಳುತ್ತದೆ. ವರ್ನಾ ಮಕ್ಕಳನ್ನೂ ಒಗೆದ ಬಟ್ಟೆಯ ಗಂಟನ್ನೂ ಕಾರಿಗೆ ಹಾಕಿಕೊಂಡು ಲಾಕಿನಿಂದ ಲಾಕಿಗೆ ಓಡಿಸುತ್ತಿದ್ದಳು. ಕಟ್ಟೆಯ ಮೇಲೆ ನಿಂತು ಬಗ್ಗಿದರೆ ಲಿಯಾಂಡರ್ ಪಾತಾಳದಲ್ಲಿ ಒಂದು ಟೋಪಿ. ನೀರು ಏರಿದಂತೆ ಟೋಪಿಯ ಕೆಳಗೆ ಮುಖ, ಮುಖದ ಕೆಳಗೆ ಇಸ್ತ್ರಿ ಮಾಡಿದ ಶರಟು. ಅವಳ ಕಣ್ಣಿನ ಮಟ್ಟಕ್ಕೆ ಬಂದಾಗ ನಾಲ್ಕು ಮಾತು.

“ಛಾವಣಿ ಸೋರ್ತಿದೆಯಾ?”

“ಇಲ್ಲ, ಸರಿ ಮಾಡಿಸ್ದೆ.”

“ರೋಂಡಾ ಹಲ್ಲು?”

“ಇನ್ನೊಂದು ಬಂತು.”

ಅಷ್ಟರಲ್ಲಿ ಮುಂದಿನ ಬಾಗಿಲು ತೆರೆಯುತ್ತಿತ್ತು. ಉಳಿದದ್ದು ಮುಂದಿನ ಲಾಕಿಗೆ. ಒಮ್ಮೆ ದಾರಿಯಲ್ಲಿ ಟೈರು ಪಂಕ್ಚರ್ ಆಗಿ, ಮಕ್ಕಳು ಹಡಗಿನ ಬೆನ್ನಿಗೆ ಕೈ ಬೀಸಿ ಅಳುತ್ತ ಮನೆಗೆ ಬಂದಿದ್ದರು. ಆ ಸಲ ಕೇಳಬೇಕಾಗಿದ್ದ ಮಾತು ಮತ್ತೆ ನೆನಪಾಗಲೇ ಇಲ್ಲ.

ಹಾಗೇ ಒಂದು ವಸಂತದಲ್ಲಿ, ಮೂರನೆಯ ಲಾಕಿನಲ್ಲಿ ನೀರು ಏರಿದಾಗ, ಲಿಯಾಂಡರನ ಪಕ್ಕದಲ್ಲಿ ಒಬ್ಬ ಹೆಂಗಸು ಮೇಲೆ ಬಂದಳು. ಹೊಸ ಅಡುಗೆಯವಳು, ಬ್ಲಾಂಚ್. ಉದ್ದ ತೋಳನ್ನು ಮಡಿಸಿಕೊಂಡು ಅವಳು ತೊಟ್ಟಿದ್ದದ್ದು ವರ್ನಾ ಚಳಿಗಾಲವಿಡೀ ಕೂತು ಗಂಡನಿಗೆಂದು ಹೆಣೆದ ಬೂದು ಸ್ವೆಟರು.

“ಚಳಿ ಅಂದಳು, ಕೊಟ್ಟೆ,” ಅಂದ ಲಿಯಾಂಡರ್.

ಅಷ್ಟು ಹಗುರವಾಗಿ ಅಂದದ್ದಕ್ಕೆ ಮತ್ತೇನು ಕೇಳುವುದು? ವರ್ನಾ ಆ ದಿನ ಮುಂದಿನ ಲಾಕಿಗೆ ಹೋಗಲಿಲ್ಲ. ಆಮೇಲೆ ಹೆಣಿಗೆಯ ಕಡ್ಡಿ ಮುಟ್ಟಲಿಲ್ಲ. “ಈ ಸಲ ಏನೂ ಹೆಣೀತಿಲ್ವಾ?” ಎಂದು ಅವನು ಚಳಿಗಾಲದಲ್ಲಿ ಕೇಳಿದರೆ, “ಕಣ್ಣು ನೋಯುತ್ತೆ,” ಅನ್ನುತ್ತಿದ್ದಳು. ಅಂದಿನಿಂದ ಹಡಗು ಮೇಲೇಳುವಾಗ ಅವಳ ಕಣ್ಣು ಮೊದಲು ಹೋಗುತ್ತಿದ್ದದ್ದು ಅವನ ಪಕ್ಕಕ್ಕೆ.

*

ಈ ವರ್ಷ ಮಂಜುಗಡ್ಡೆ ಒಡೆದರೂ ಲಿಯಾಂಡರ್ ಹೋಗಲಿಲ್ಲ, ಕಾಯಿಲೆ ಬಿದ್ದಿದ್ದ. ಅಕ್ಟೋಬರಿನಲ್ಲಿ ಆಸ್ಪತ್ರೆಗೆ ಸೇರಿಸಿದರು. ಗಡ್ಡ ಹಾಗೇ ಇರಲಿ ಬಿಡಿ, ಅಂದರು ನರ್ಸುಗಳು. ವರ್ನಾ ಬಿಡಲಿಲ್ಲ. ಚಳಿಗಾಲದಲ್ಲೂ ಅವನು ಅವಳಿಗಿಂತ ಮೊದಲೇ ಎದ್ದು, ಅವಳು ಅಡುಗೆಮನೆಗೆ ಬರುವ ಹೊತ್ತಿಗೆ ನುಣ್ಣಗೆ ಹೆರೆದುಕೊಂಡು ಕೂತಿರುತ್ತಿದ್ದವನು. ಅವನು ಗಡ್ಡ ಬಿಟ್ಟದ್ದನ್ನು ಅವಳು ಒಂದು ದಿನವೂ ನೋಡಿರಲಿಲ್ಲ. ಬಿಸಿನೀರು ತಂದು, ಎಡಗೈಯಲ್ಲಿ ಕೆನ್ನೆ ಹಿಡಿದು, ದಿನಾ ತಾನೇ ಹೆರೆದಳು.

ಕೊನೆಯ ದಿನ ನಸುಕಿನಲ್ಲಿ ಅವನು ಫಕ್ಕನೆ ಕಣ್ಣು ತೆರೆದ. ಏಳಲು ನೋಡಿದ. ಅವಳು ಎಂದೂ ಕೇಳದ ದನಿಯಲ್ಲಿ, ದೊಡ್ಡ, ತುಂಟ, ಹುಡುಗನ ದನಿಯಲ್ಲಿ ಕೂಗಿದ: “ಬ್ಲಾಂಚ್! ಕಾಫಿ ಆಯ್ತಾ, ಇಲ್ಲಾ ನೀರಿಗೆ ಹಾರ್ಲಾ?”

ಆಮೇಲೆ ಮಾತಿಲ್ಲ. ಅವಳ ಕೈಯನ್ನು ಮಾತ್ರ ಬಿಗಿಯಾಗಿ ಹಿಡಿದುಕೊಂಡಿದ್ದ. ಯಾರ ಕೈ ಅಂದುಕೊಂಡಿದ್ದನೋ.

“ಅಪ್ಪ ಏನಾದ್ರೂ ಅಂದ್ರಾ?” ಎಂದು ರೋಂಡಾ ಕೇಳಿದಾಗ ವರ್ನಾ, “ಏನೂ ಇಲ್ಲ, ನಿದ್ದೇಲೇ ಹೋದ್ರು,” ಅಂದಳು.

*

ಜನ ಕರಗಿದರು. ರೋಂಡಾ ಎಫಿಯನ್ನು ಮನೆಗೆ ಬಿಡಲು ಹೊರಟು, “ಹತ್ತು ನಿಮಿಷ, ಬಂದು ನಿಮ್ಮನ್ನ ಲಾಕಿಗೆ ಬಿಡ್ತೀನಿ,” ಎಂದು ಬ್ಲಾಂಚಳಿಗೆ ಹೇಳಿ ಹೋದಳು.

ಚರ್ಚಿನ ಅಡುಗೆಮನೆಯಲ್ಲಿ ಇಬ್ಬರೇ ಉಳಿದರು. ಬ್ಲಾಂಚ್ ಕೇಳದೆಯೇ ತೋಳು ಮಡಿಸಿ ಬಟ್ಟಲು ತೊಳೆಯತೊಡಗಿದ್ದಳು, ತನ್ನದೇ ಮನೆ ಎಂಬಂತೆ. ವರ್ನಾ ಒರೆಸುತ್ತಿದ್ದಳು. ದೂರದಲ್ಲಿ, ಹಡಗಿಗೆ ದಾರಿ ಬಿಡಲು ಸೇತುವೆ ಎತ್ತುವ ಗಂಟೆ ಬಡಿಯತೊಡಗಿತು.

“ಅದು ನಮ್ಮದಾ?” ಬ್ಲಾಂಚ್ ಕತ್ತೆತ್ತಿದಳು. “ನನಗೆ ಗೊತ್ತಾಗಲ್ಲ ನೋಡಿ. ಹಡಗಿನ ಒಳಗಿದ್ದೋರಿಗೆ ಹಡಗು ಎಲ್ಲಿದೆ ಅಂತಲೇ ತಿಳಿಯಲ್ಲ.”

“ಅಲ್ಲ.” ವರ್ನಾ ಒರೆಸುತ್ತಲೇ ಅಂದಳು. “ಕೆಳಗೆ ಹೋಗೋ ಯಾವುದೋ ಹಡಗು. ನಿಮ್ಮದು ಇನ್ನೂ ಕೆಳಗಿನ ವೆಲ್ಯಾಂಡ್ ಊರನ್ನೇ ದಾಟಿರಲ್ಲ.”

“ನೀವು ಅಂದ್ರೆ ಸರಿ. ಲೀ ಹೇಳ್ತಿದ್ದ, ಹಡಗು ಎಲ್ಲಿದೆ ಅಂತ ಕ್ಯಾಪ್ಟನ್‌ಗಿಂತ ನನ್ನ ಹೆಂಡತಿಗೆ ಚೆನ್ನಾಗಿ ಗೊತ್ತು ಅಂತ.”

ಆ ಗಂಟೆ ‘ಹ್ಯಾರಿಯಟ್ ಬೆಲ್’ಗೇ ಎಂದು ವರ್ನಾಗೆ ಗೊತ್ತಿತ್ತು. ಬೆಳಗಿನಿಂದ, ಪ್ರಾರ್ಥನೆಯ ನಡುವೆ, ಸ್ಮಶಾನದಲ್ಲಿ ಕೂಡ, ಹಡಗು ಈಗ ಎಷ್ಟನೆಯ ಲಾಕಿನಲ್ಲಿದೆ ಎಂದು ಅವಳ ತಲೆ ತಾನಾಗಿ ಲೆಕ್ಕ ಹಾಕುತ್ತಲೇ ಇತ್ತು. ಇವಳಿಗೆ ಹಡಗು ತಪ್ಪಲಿ, ಅಂದುಕೊಂಡಳು. ಒಂದು ಸಲ ಇವಳೂ ಕಟ್ಟೆಯ ಮೇಲೆ ನಿಂತು ಹಡಗಿನ ಬೆನ್ನು ನೋಡಲಿ. ಆ ಯೋಚನೆ ಬಾಯಲ್ಲಿ ಬೆಲ್ಲದ ಹಾಗೆ ಕರಗಿತು. ಆ ಧೈರ್ಯದಲ್ಲೇ ಕೇಳಿಬಿಟ್ಟಳು.

“ಲೀಗೂ ನಿಮಗೂ ಏನಿತ್ತು?”

ಬ್ಲಾಂಚ್ ನಲ್ಲಿ ನಿಲ್ಲಿಸಿದಳು. “ಇದನ್ನ ಕೇಳೋಕೆ ಇಷ್ಟು ವರ್ಷ ಬೇಕಾಯ್ತಾ?”

“ಈಗ ಕೇಳ್ತಿದೀನಲ್ಲ.”

“ಏನೂ ಇರಲಿಲ್ಲ. ಬೆಳಗಿನ ಜಾವ ಅವನ ಪಾಳಿ. ನಾನು ಆ ಹೊತ್ತಿಗೆ ಎದ್ದು ಹಿಟ್ಟು ನಾದ್ತಿರ್ತಿದ್ದೆ. ಬರ್ತಿದ್ದ, ಕಾಫಿ ಕುಡೀತಿದ್ದ, ಹರಟೆ ಹೊಡೀತಿದ್ದ, ಹೋಗ್ತಿದ್ದ. ಬೇರೆ ಏನಾದ್ರೂ ಇದ್ದಿದ್ರೆ ಇವತ್ತು ನಿಮ್ಮ ಬಟ್ಟಲು ತೊಳೆಯೋ ಮುಖ ನನಗಿರ್ತಿರಲಿಲ್ಲ.”

“ಸಾಯೋ ಹೊತ್ತಲ್ಲಿ ನಿಮ್ಮ ಹೆಸರು ಕರೆದ.”

ಬ್ಲಾಂಚ್ ಬಟ್ಟಲು ಕೆಳಗಿಟ್ಟಳು. “ಏನಂತ?”

“ಕಾಫಿ ಆಯ್ತಾ, ಇಲ್ಲಾ ನೀರಿಗೆ ಹಾರ್ಲಾ ಅಂತ.”

ಬ್ಲಾಂಚ್ ಜೋರಾಗಿ ನಕ್ಕಳು. ನಗು ಅರ್ಧಕ್ಕೇ ಮುರಿದು, ಒದ್ದೆ ಮುಂಗೈಯಿಂದ ಕಣ್ಣೊತ್ತಿಕೊಂಡಳು. “ದಿನಾ ಅದೇ. ದಿನಾ ಬೆಳಿಗ್ಗೆ ಅದೇ ಮಾತು. ‘ಹಾರು ಮಾರಾಯ, ಒಂದು ತಟ್ಟೆ ತೊಳೆಯೋದು ಉಳೀತು’ ಅಂತಿದ್ದೆ ನಾನು.”

ನಲ್ಲಿಯನ್ನು ಮತ್ತೆ ತಿರುಗಿಸಿ ಅಂದಳು: “ನಿಜ ಹೇಳ್ಲಾ? ನಿಮ್ಮನ್ನ ಕಂಡ್ರೆ ನನಗೆ ಹೊಟ್ಟೆ ಉರೀತಿತ್ತು.”

“ನನ್ನನ್ನ ಕಂಡ್ರಾ?”

“ಕಾಲುವೆ ಬರೋ ಹಿಂದಿನ ದಿನಾನೇ ಶುರು. ಗಡ್ಡ ಹೆರೆಯೋದೇನು, ಶರಟಿಗೆ ಇಸ್ತ್ರಿ ಏನು! ನಾವು ಮಾತಾಡಿಸಿದ್ರೆ ಕಿವಿಗೇ ಬೀಳ್ತಿರಲಿಲ್ಲ. ನನ್ನ ಮುಂದೆ ಅದೇ ಮನುಷ್ಯ ವಾರಗಟ್ಟಲೆ ಗಡ್ಡ ಬಿಟ್ಕೊಂಡು, ಹರಿದ ಚಪ್ಪಲಿ ಎಳ್ಕೊಂಡು ಬರ್ತಿದ್ದ. ಮುಳ್ಳಹಂದಿ ಅಂತಲೇ ಕರೀತಿದ್ವಿ. ನನ್ನ ಗಂಡ ಅನ್ನಿಸ್ಕೊಂಡೋನು ನನಗೋಸ್ಕರ ಒಂದು ದಿನ ಮುಖ ತೊಳೆದೋನಲ್ಲ.”

ಬ್ಲಾಂಚ್ ಅದನ್ನು ಉಡುಗೊರೆಯ ಹಾಗೆ ಕೊಟ್ಟಳು. ವರ್ನಾ ಹಾಗೆಯೇ ತೆಗೆದುಕೊಳ್ಳಲು ನೋಡಿದಳು. ಆದರೆ ಒಳಗೆ ಇಳಿದದ್ದು ಆ ಚಪ್ಪಲಿ, ಆ ಮುಳ್ಳಹಂದಿ. ತನಗೆ ಸಿಕ್ಕಿದ್ದು ನುಣ್ಣನೆಯ ಕೆನ್ನೆ, ಅಳತೆಯ ಮಾತು. ಅಷ್ಟು ಚಳಿಗಾಲಗಳೂ ಅವನು ಮನೆಯಲ್ಲಿ ನೆಂಟನ ಹಾಗೆ ಮರ್ಯಾದೆಯಿಂದ ಇದ್ದು ಹೋಗಿದ್ದ. ಇಷ್ಟು ದಿನ ಎಲ್ಲೆಲ್ಲೋ ಉರಿಯುತ್ತಿದ್ದ ಹೊಟ್ಟೆಕಿಚ್ಚು ಆರಲಿಲ್ಲ. ಈಗ ಸರಿಯಾದ ಜಾಗ ಹುಡುಕಿಕೊಂಡು ಕೂತಿತು.

“ಗಡ್ಡ ಯಾವ ಬಣ್ಣ ಇತ್ತು?” ಅಂದಳು.

“ಯಾರದು?”

“ಲೀದು. ಆಸ್ಪತ್ರೇಲಿ ನನ್ನ ಕೈಗೆ ಸಿಕ್ಕಿದ್ದು ಬರೀ ಬಿಳಿ ಕೂಳೆ.”

ಬ್ಲಾಂಚ್ ಅವಳನ್ನೇ ನೋಡಿದಳು. “ಕೆಂಪು,” ಅಂದಳು ಮೆಲ್ಲಗೆ. “ತಲೆ ಕಪ್ಪಗಿದ್ರೂ ಗಡ್ಡ ಮಾತ್ರ ಕೆಂಪು.”

ಗಂಟೆ ನಿಂತಿತು. ಸೇತುವೆ ಪೂರ್ತಿ ಮೇಲೆದ್ದು, ಹಡಗು ಲಾಕಿನ ಒಳಗೆ ಬರುತ್ತಿದೆ ಎಂದರ್ಥ. ಆ ಮೌನ ವರ್ನಾಳಲ್ಲಿ ಹಳೆಯ ಗಾಬರಿಯೊಂದನ್ನು ಎಬ್ಬಿಸಿತು. ಓಡು, ಮಕ್ಕಳನ್ನು ಎತ್ತಿಕೋ, ತಪ್ಪಿಹೋಗುತ್ತದೆ. ಅವಳು ಒರೆಸುವ ಬಟ್ಟೆ ಬಿಸಾಡಿದಳು.

“ಏಳಿ. ಕೋಟು ಹಾಕ್ಕೊಳ್ಳಿ. ಹಡಗು ಬಂದಾಯ್ತು.”

“ಇನ್ನೂ ವೆಲ್ಯಾಂಡ್ ದಾಟಿಲ್ಲ ಅಂದ್ರಿ?”

“ಸುಳ್ಳು ಹೇಳಿದೆ.”

ಒಂದು ತೋಳು ಮಾತ್ರ ಹಾಕಿಕೊಂಡ ಕೋಟಿನಲ್ಲಿ ವರ್ನಾಳ ಹಳೆಯ ವ್ಯಾನಿಗೆ ಹತ್ತಿದ ಮೇಲೆ ಬ್ಲಾಂಚ್ ಸಿಡಿದಳು.

“ಎಂಥ ಹೆಂಗಸೇ ನೀನು! ಗಂಡನ್ನ ಮಣ್ಣು ಮಾಡಿದ ದಿನ! ಅಲ್ಲಿ ಹಡಗು ತುಂಬ ಜನ ಊಟಕ್ಕೆ ಕಾಯ್ತಿರ್ತಾರೆ!”

“ಬಾಗಿಲು ಹಾಕ್ಕೋ.”

“ಆ ಕಡೆ ಯಾಕೆ ತಿರುಗಿಸ್ತೀಯೆ? ಲಾಕು ಈ ಕಡೆ ಅಲ್ವಾ?”

“ಆ ಕಡೆ ಸೇತುವೆ ಎದ್ದಿರುತ್ತೆ. ನನಗೆ ದಾರಿ ಹೇಳ್ಕೊಡ್ಬೇಡ. ನೀನು ಹಡಗಿಗೆ ಬರೋಕೆ ಮೊದಲಿಂದ ಈ ದಾರೀಲಿ ಓಡಿಸ್ತಿದೀನಿ.”

ಕಟ್ಟೆಗೆ ಬಂದಾಗ ನೀರು ಏರಿ ಮುಗಿದಿತ್ತು. ಏಣಿಯನ್ನು ಇನ್ನೂ ಎಳೆದುಕೊಂಡಿರಲಿಲ್ಲ. “ಬ್ಲಾಂಚ್! ನಿನ್ನ ಬಿಟ್ಟು ಹೊರಟಿದ್ವಿ ನಾವು!” ಎಂದು ಮೇಲಿನಿಂದ ಯಾರೋ ಕೂಗಿದರು. ಬ್ಲಾಂಚ್ ಏಣಿಯ ಬುಡದಲ್ಲಿ ತಿರುಗಿ, ವರ್ನಾಳ ಮೊಣಕೈಯನ್ನು ಹಿಡಿದು ಒಮ್ಮೆ ಅಲುಗಿಸಿದಳು. ಬಯ್ಯಲೋ, ಇನ್ನೇನಕ್ಕೋ. ಹೇಳಲು ಹೊತ್ತಿರಲಿಲ್ಲ. ಹತ್ತಿಹೋದಳು.

ಕ್ಯಾಪ್ಟನ್ ಹೊರಗೆ ಬಂದು ಟೋಪಿ ತೆಗೆದ. ಹಡಗಿನ ಕೊಂಬು ಮೂರು ಸಲ ಉದ್ದಕ್ಕೆ, ಎರಡು ಸಲ ಗಿಡ್ಡಕ್ಕೆ ಊದಿತು. ಸತ್ತವನಿಗೆ ಕೊಡುವ ಗೌರವ. ವರ್ನಾ ಕೈಗಳನ್ನು ಮುಂದೆ ಜೋಡಿಸಿಕೊಂಡು, ವಿಧವೆಯೊಬ್ಬಳು ನಿಲ್ಲಬೇಕಾದ ಹಾಗೆ ನೆಟ್ಟಗೆ ನಿಂತಳು.

ಹಗ್ಗ ಬಿಚ್ಚಿದರು. ಅಡುಗೆಕೋಣೆಯ ಬಾಗಿಲ ಬಳಿ ಹಡಗಿನವರೆಲ್ಲ ಬ್ಲಾಂಚಳ ಸುತ್ತ ಕವಿದುಕೊಂಡರು. ಅವಳ ಕೈಗಳು ಆಡುತ್ತಿದ್ದವು. ಏನೋ ಹೇಳುತ್ತಿದ್ದಳು, ಲೀಯ ಸುದ್ದಿಯೇ ಇರಬೇಕು. ಒಬ್ಬ ನಕ್ಕ. ಇನ್ನೊಬ್ಬ ಮುಖ ಆಚೆ ತಿರುಗಿಸಿದ. ಎಂಜಿನ್ನಿನ ಸದ್ದಿನಲ್ಲಿ ಒಂದಕ್ಷರವೂ ಕಟ್ಟೆಯ ತನಕ ಬರುತ್ತಿರಲಿಲ್ಲ.

ಹಡಗು ಜರುಗಿತು. ವರ್ನಾ ಅದರ ಜೊತೆಗೇ ಕಟ್ಟೆಯ ಮೇಲೆ ನಡೆಯತೊಡಗಿದಳು. ಮೊದಲು ಮೆಲ್ಲಗೆ, ಆಮೇಲೆ ಸಾವಿಗೆಂದು ಕೊಂಡ ಹೊಸ ಕರಿ ಬೂಟಿನಲ್ಲಿ ಎಡವುತ್ತ, ಬಿರುಸಾಗಿ. ಕಟ್ಟೆ ಮುಗಿದು ಕಬ್ಬಿಣದ ಕಂಬಿ ಅಡ್ಡ ಬಂತು. ಅವಳು ಒಂದು ಕೈಯಲ್ಲಿ ಕಂಬಿ ಹಿಡಿದು, ನೀರಿನ ಕಡೆಗೆ ಆದಷ್ಟೂ ಬಾಗಿ, ಇನ್ನೊಂದು ಕೈಯನ್ನು ಕಿವಿಯ ಹಿಂದೆ ಹಿಡಿದು ನಿಂತಳು.