ಗಂಗಾಧರಸ್ವಾಮಿಯವರ ಒನ್ಸ್ ಮೋರ್

“ನಾಳೀಕೆ ನೀವು ನಾಟ್ಕಕ್ಕೆ ಬರ್ಬ್ಯಾಡಿ ಸ್ವಾಮೇರೇ,” ಎಂದಳು ವೆಂಕಟಮ್ಮ.

ಗಂಗಾಧರಸ್ವಾಮಿ ಒರೆಸುತ್ತಿದ್ದ ಹಿತ್ತಾಳೆ ತಪ್ಪಲೆಯನ್ನು ಹಾಗೆಯೇ ಹಿಡಿದುಕೊಂಡು ಅವಳ ಮುಖ ನೋಡಿದರು. ನಂಜನಗೂಡಿನ ಅವರ ಪಾತ್ರೆ ಅಂಗಡಿಗೆ ಬಂದು, ನಾಟಕಕ್ಕೆ ಬನ್ನಿ ಎಂದು ಎಲೆ ಅಡಿಕೆ ಕೊಟ್ಟು ಕರೆದವರು ಎಷ್ಟೋ ಜನ. ಬರಬೇಡಿ ಎಂದವರು ಇವಳೊಬ್ಬಳೇ. ಅದೂ ಯಾರು, ನಾಟಕದಲ್ಲಿ ಹಾಡುವ ಕೆಂಪಯ್ಯನ ಹೆಂಡತಿ. ಸೋಮನಾಥಪುರದ ಕಡೆಯಿಂದ ಎರಡು ಬಸ್ಸು ಬದಲಾಯಿಸಿಕೊಂಡು ಬಂದಿದ್ದಾಳೆ.

“ಕೂತ್ಕೋ ಮೊದಲು,” ಎಂದು ಸ್ಟೂಲು ಎಳೆದುಕೊಟ್ಟರು. ಅವಳು ಕೂರಲಿಲ್ಲ.

ನಂಜನಗೂಡು, ತಿ. ನರಸೀಪುರ ಎರಡೂ ತಾಲ್ಲೂಕಿನಲ್ಲಿ ಯಾವ ಹಳ್ಳಿಯವರು ಪೌರಾಣಿಕ ನಾಟಕ ಆಡಿದರೂ ಮುಂದಿನ ಸಾಲಿನ ನಡುವಿನ ಕುರ್ಚಿ ಗಂಗಾಧರಸ್ವಾಮಿಯವರದು. ಹಾಡು ಮುಗಿದಾಗ ನೆಂಟರು ಶಿಳ್ಳೆ ಹೊಡೆಯಬಹುದು, ಭಾಮೈದ ಓಡಿಹೋಗಿ ಹಾರ ಹಾಕಬಹುದು. ಅದನ್ನೆಲ್ಲ ಯಾರು ಕೇಳುತ್ತಾರೆ? ಗಂಗಾಧರಸ್ವಾಮಿ ಎದ್ದು ನಿಂತು “ಒನ್ಸ್ ಮೋರ್” ಎಂದರೆ ಮಾತ್ರ ಹಾರ್ಮೋನಿಯಂ ಚಾಮಯ್ಯ ಮೇಷ್ಟ್ರು ಮತ್ತೆ ಪಲ್ಲವಿ ಹಿಡಿಯುವುದು. ಹಾಗೆ ಕೇಳಿದ ಮೇಲೆ ಪಾತ್ರಧಾರಿ ಹಾಡದೆ ಇರುವ ಹಾಗಿಲ್ಲ. ಹಾಡದಿದ್ದರೆ ಸಭೆಯ ಮುಖಕ್ಕೆ ಹೊಡೆದ ಹಾಗೆ. ತಾಂಡವಪುರದ ಒಂದು ನಾಟಕದಲ್ಲಿ ಬಾಣ ತಾಗಿ ಸತ್ತುಬಿದ್ದಿದ್ದವನು ಎದ್ದು, ಕಿರೀಟ ಸರಿಮಾಡಿಕೊಂಡು, ಸಾಯುವ ಹಾಡನ್ನು ಪೂರ್ತಿ ಇನ್ನೊಂದು ಸಲ ಹಾಡಿ, ಅದೇ ಜಾಗ ಹುಡುಕಿಕೊಂಡು ಹೋಗಿ ಸತ್ತಿದ್ದ. ಯಾರೂ ನಗಲಿಲ್ಲ. ನಗುವಂಥದ್ದು ಏನಿದೆ ಅದರಲ್ಲಿ?

ಟೆಂಟು ಹಾಕಿಕೊಂಡು ಊರೂರು ತಿರುಗುವ ಕಂಪನಿಗಳ ಬಗ್ಗೆ ಅವರನ್ನು ಕೇಳಬಾರದು. ಕೇಳಿದರೆ ಅಂಗಡಿಗೆ ಬಂದ ಗಿರಾಕಿ ಲೋಟ ಕೊಳ್ಳುವುದನ್ನೇ ಮರೆಯಬೇಕು, ಅಷ್ಟು ಮಾತು. ಸಾಮಾಜಿಕ ನಾಟಕ ಎಂದು ಬೋರ್ಡು ಹಾಕಿ ಪೋಲಿ ಮಾತಾಡಿಸುತ್ತಾರೆ, ಹಾಡನ್ನು ಪೆನ್‌ಡ್ರೈವಿನಲ್ಲಿ ಹಾಕಿ ಬಾಯಿ ಆಡಿಸುತ್ತಾರೆ, ಅದಕ್ಕೆ ಒನ್ಸ್ ಮೋರ್ ಕೇಳುವುದಾದರೂ ಯಾರನ್ನು, ಪೆನ್‌ಡ್ರೈವನ್ನೇ? ಮೈಸೂರಿನಲ್ಲಿ ಬ್ಯಾಂಕಿನಲ್ಲಿರುವ ಮಗಳು ನಯನ ಒಮ್ಮೆ ಬೆಂಗಳೂರಿಗೆ ಕರೆದುಕೊಂಡು ಹೋಗಿ, ಅಮೆರಿಕದಿಂದ ಪ್ರವಾಸ ಬಂದಿದ್ದ ಹಾಡಿನ ನಾಟಕವೊಂದನ್ನು ತೋರಿಸಿದ್ದಳು. ದೀಪವೇನು, ಏರಿಳಿಯುವ ಮಹಡಿಯೇನು, ಕುಣಿತವೇನು. ಅದರಲ್ಲಿ ಒಬ್ಬಳು ತಾಯಿ ಒಂಟಿಯಾಗಿ ನಿಂತು ಹಾಡಿದಳು. ಮಾತು ತಿಳಿಯದಿದ್ದರೂ ಗಂಗಾಧರಸ್ವಾಮಿಯವರ ಕಣ್ಣು ತುಂಬಿತು, ತಡೆಯಲಾರದೆ ಎದ್ದು “ಒನ್ಸ್ ಮೋರ್” ಎಂದುಬಿಟ್ಟರು. ಟಾರ್ಚು ಹಿಡಿದವನೊಬ್ಬ ಬಂದು ಕೂರಿಸಿದ. ನಯನ ತಲೆ ತಗ್ಗಿಸಿ ಕೂತಿದ್ದಳು.

“ಚೆನ್ನಾಗೇ ಹಾಡ್ತಾರೆ, ಇಲ್ಲ ಅನ್ನಲ್ಲ,” ಎಂದು ಊರಿಗೆ ಬಂದು ಎಲ್ಲರಿಗೂ ಹೇಳಿದರು. “ಆದ್ರೆ ಒಂದೇ ಸಲ ಹಾಡ್ತಾರೆ ಕಣ್ರೀ. ಮನಸ್ಸಿಗೆ ಹಿಡಿದದ್ದನ್ನ ಇನ್ನೊಂದ್ ಸಲ ಕೊಡಿ ಅಂತ ಕೇಳೋ ಹಾಗಿಲ್ಲ ಅಂದ್ರೆ, ಅದ್ಯಾವ ಸೀಮೆ ನಾಟಕ?”

ಗಂಗಾಧರಸ್ವಾಮಿಯವರ ಒನ್ಸ್ ಮೋರ್ ಸಿಗದ ನಟ ಎಂದರೆ ಕೆಂಪಯ್ಯ. ಇಪ್ಪತ್ತು ವರ್ಷಕ್ಕೂ ಮೇಲಾಗಿ ಹಾಡಿದ್ದಾನೆ. ಗದ್ದೆಯ ಆ ಬದಿಯಲ್ಲಿರುವವರೂ ತಲೆಯೆತ್ತುವಂಥ ಗಂಟಲು. ಆದರೆ ಪ್ರತಿ ಸಲ ಹಾಡು ಮುಗಿಸಿ ಅವನು ಮುಂದಿನ ಸಾಲಿನ ಕಡೆ ನೋಡುವುದು, ಗಂಗಾಧರಸ್ವಾಮಿ ಮಡಿಲಲ್ಲಿ ಕೈ ಇಟ್ಟುಕೊಂಡು ಕೂತೇ ಇರುವುದು, ಇಷ್ಟೇ. ಒಮ್ಮೆ ಅವನೇ ಅಂಗಡಿಗೆ ಬಂದು ಕೇಳಿದ್ದ. “ಗಂಟಲಿದೆ ಕೆಂಪಯ್ಯ, ಸಂಕಟ ಇಲ್ಲ,” ಎಂದಿದ್ದರು. ಅವನು ಕೋಪ ಮಾಡಿಕೊಳ್ಳಲಿಲ್ಲ. “ಸರಿ ಬುಡಿ, ಮುಂದಿನ್ ದಪ ನೋಡವ,” ಎಂದು ಎಲೆ ಅಡಿಕೆ ಹಾಕಿಕೊಂಡು ಹೋಗಿದ್ದ. ಅಂದಿನಿಂದ ಇಬ್ಬರಿಗೂ ಒಂದು ಬಗೆಯ ಸ್ನೇಹ.

ಈಗ ಅವನ ಹೆಂಡತಿ ಅಂಗಡಿಯಲ್ಲಿ ನಿಂತಿದ್ದಳು.

“ಅವುನ್ಗೆ ಗಂಟ್ಲಲ್ಲಿ ಗಂಟಾಗ್ಯದೆ ಸ್ವಾಮೇರೇ. ಕೆಟ್ಟ್ ಗಂಟು. ಈ ವಾರ್ದಲ್ಲೇ ಮೈಸೂರಲ್ಲಿ ಆಪ್ರೇಸನ್ನು. ಗಂಟ್ಲ್ ಪೆಟ್ಗೇನೇ ತಗುದಾಕ್ತಾರಂತೆ. ಆಮ್ಯಾಕೆ ಮಾತಿಲ್ಲ, ಆಡಿಲ್ಲ.” ಅವಳು ಸೆರಗಿನಿಂದ ಬಾಯಿ ಒತ್ತಿಕೊಂಡಳು. “ನಾಳೆ ಒಂದಿನ ಪಾಲ್ಟು ಮಾಡ್ಕಬುಟ್ಟು ಬತ್ತೀನಿ ಅಂತ ಡಾಕ್ಟ್ರು ಕಾಲಿಡ್ಕಂಡವ್ನೆ. ಅವ್ರು ಬೈದ್ರು. ಕೊನೀಗೆ, ಒಂದ್ ದಪ ಆಡ್ಕೊ ಓಗು, ಅದ್ರ ಮ್ಯಾಲೆ ಜೋರು ಮಾಡುದ್ರೆ ರಕ್ತ ಕಿತ್ಕಂಡು ಉಸ್ರು ಕಟ್ಬುಡ್ತದೆ ಅಂದ್ರು. ನಂಗೇ ಯೋಳುದ್ರು, ಅವುನ್ಗಲ್ಲ. ಅವ್ನು ಕೇಳಾಕಿಲ್ಲ ಅಂತ ಅವ್ರಿಗೂ ಗೊತ್ತು.”

ಗಂಗಾಧರಸ್ವಾಮಿಗೆ ತಪ್ಪಲೆಯನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

“ನೀವು ಒನ್ಸ್ ಮೋರ್ ಅಂದ್ರೆ ಅವ್ನು ಆಡೇ ಆಡ್ತನೆ. ಪ್ರಾಣ ಓದ್ರೂ ಆಡ್ತನೆ. ಅದ್ಕೇಯ ಬರ್ಬ್ಯಾಡಿ ಅಂತಿರದು.”

“ನಾನು ಬರದಿದ್ರೆ?”

ವೆಂಕಟಮ್ಮ ಕೊನೆಗೆ ಸ್ಟೂಲಿನ ಮೇಲೆ ಕೂತಳು. “ಬರ್ದಿದ್ರೆ ಎದೆ ಒಡ್ಕೊತನೆ,” ಎಂದಳು. “ಬನ್ನಿ ಅಂಗಾರೆ. ಬಂದು ಕೂತ್ಕಳಿ. ಬಾಯಿ ಮಾತ್ರ ಬುಡ್ಬ್ಯಾಡಿ. ನಾನ್ ಬಂದಿದ್ದೆ ಅಂತಲೂ ಅವುನ್ಗೆ ಯಾವತ್ತೂ ತಿಳೀಬಾರ್ದು. ನಿಮ್ ಕಾಲ್ ಕಟ್ಕತೀನಿ.”

ಆಯಿತು ಎಂದರು. ಬೇರೇನು ಹೇಳಲಾದೀತು? ಇಷ್ಟು ವರ್ಷ ಬಾಯಿ ಮುಚ್ಚಿಕೊಂಡು ಕೂತವರಿಗೆ ಇನ್ನೊಂದು ದಿನ ಏನು ಕಷ್ಟ ಎಂದು ಅವರು ಆಗ ನಿಜವಾಗಿಯೂ ಅಂದುಕೊಂಡರು.

ಈಗೆಲ್ಲ ರಾತ್ರಿ ನಾಟಕ ಕಡಿಮೆ. ಭಾನುವಾರ ಬೆಳಿಗ್ಗೆ ತಿಂಡಿ ಮುಗಿಸಿ ತಿ. ನರಸೀಪುರದ ಕಲ್ಯಾಣ ಮಂಟಪದಲ್ಲಿ ಪರದೆ ಎಳೆದರು. ಅದಕ್ಕೆ ಮುಂಚೆ ಕೆಂಪಯ್ಯ ಹೇಳಿಕಳಿಸಿದ್ದರಿಂದ ಗಂಗಾಧರಸ್ವಾಮಿ ಬಣ್ಣದ ಕೋಣೆಗೆ ಹೋದರು. ಬಿಳಿ ಗಡ್ಡ ಅಂಟಿಸಿಕೊಂಡು, ಬಾಡಿಗೆಯ ಕಿರೀಟವನ್ನು ತೊಡೆಯ ಮೇಲಿಟ್ಟುಕೊಂಡು ಕೆಂಪಯ್ಯ ಕೂತಿದ್ದ. ಚಾಮಯ್ಯ ಮೇಷ್ಟ್ರು ಬರೆದ ನಾಟಕ ಅದು. ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಮುದಿರಾಜನ ಪಾತ್ರ ಅವನದು. ಇರುವುದು ಒಂದೇ ಹಾಡು.

“ಸುದ್ದಿ ಕೇಳಿರ್ಬೇಕು ನೀವು,” ಎಂದ. ದನಿ ಆಗಲೇ ಒಡೆದಿತ್ತು.

“ಕೇಳಿದೆ ಕಣಯ್ಯ.”

“ಇದೇ ಕೊನೇದು ಸ್ವಾಮೇರೇ. ಇವತ್ತಾರೂವೆ ನಿಮ್ ಬಾಯಿಂದ ಬಂದ್ರೆ ನಂಗೆ ಸಾಕು.” ಒಂದು ಗುಟುಕು ಬಿಸಿನೀರು ಕುಡಿದು ಗಂಟಲು ಹಿಡಿದುಕೊಂಡ. “ಒಂದ್ ಮಾತು. ಕಾಯ್ಲೆ ಅಂತ ಅಯ್ಯೋ ಪಾಪ ಅಂದ್ಕಂಡು ಅನ್ಬ್ಯಾಡಿ. ಮುಲಾಜಿಗೆ ಅಂದ್ರೆ ನಂಗೆ ಗೊತ್ತಾಯ್ತದೆ. ನೀವು ಸುಳ್ಳಾಡಾಕಿಲ್ಲ ಅಂತ್ಲೇ ಇಷ್ಟ್ ವರ್ಸ ಕಾದಿರದು.”

ಗಂಗಾಧರಸ್ವಾಮಿ ಅವನ ಭುಜ ಮುಟ್ಟಿ ಹೊರಗೆ ಬಂದರು. ಹೆಂಗಸರ ಸಾಲಿನಲ್ಲಿ ವೆಂಕಟಮ್ಮ ಕೂತಿದ್ದಳು.

ಸರದಿ ಬಂತು. ಮಗನ ಶವದ ಪಕ್ಕ ಮುದಿರಾಜ ಕುಕ್ಕರುಗಾಲಿನಲ್ಲಿ ಕೂತ. ಕೆಂಪಯ್ಯ ಎಂದೂ ಹಾಗೆ ಕೂತವನಲ್ಲ. ಎದೆ ಸೆಟೆಸಿ ಮೈಕಿನ ಮುಂದೆ ನಿಂತೇ ಹಾಡುವವನು. “ಎದ್ದು ಬಾರೋ ಕಂದ, ಅನ್ನವು ಆರುತಿದೆ” ಎಂದು ಪಲ್ಲವಿ ಎತ್ತಿದ. ಆ ದೊಡ್ಡ ಗಂಟಲು ಎಲ್ಲಿ ಹೋಯಿತೋ. ತೆಳ್ಳಗೆ, ಒರಟಾಗಿ, ಅಲ್ಲಲ್ಲಿ ಗಾಳಿ ಬೆರೆತು ಬರುತ್ತಿತ್ತು. ಊಟಕ್ಕೆ ಬಾರದ ಮಗನನ್ನು ಅಪ್ಪ ಬಾಗಿಲಲ್ಲಿ ನಿಂತು ಕರೆಯುವ ಹಾಗೆ ಕರೆದ. ಎರಡನೇ ಚರಣದಲ್ಲಿ ಮೇಲಿನ ಷಡ್ಜಕ್ಕೆ ಹೋಗಬೇಕು. ಚಾಮಯ್ಯ ಮೇಷ್ಟ್ರು ಅಲ್ಲಿ ಹಾರ್ಮೋನಿಯಂ ಜೋರು ಮಾಡಿ ಮುಚ್ಚಿಹಾಕಲು ನೋಡಿದರು. ಕೆಂಪಯ್ಯ ಬೇಡವೆಂದು ಕೈ ಅಡ್ಡ ಮಾಡಿ, ಅವಸರವಿಲ್ಲದೆ ಒಬ್ಬನೇ ಹತ್ತಿ, ಒಡೆದ ದನಿಯಲ್ಲೇ ಅಲ್ಲಿ ನಿಂತು, ಮೆಲ್ಲಗೆ ಇಳಿದ. ಮಂಟಪದ ಹಿಂದೆ ಅಡಿಗೆಯವರು ಪಾತ್ರೆ ತೊಳೆಯುತ್ತಿದ್ದುದೂ ನಿಂತಿತು.

ನಾಟಕ ನೋಡತೊಡಗಿದ ಮೇಲೆ ಇಂಥ ಹಾಡನ್ನು ಗಂಗಾಧರಸ್ವಾಮಿ ಕೇಳಿರಲಿಲ್ಲ. ಬೆಂಗಳೂರಲ್ಲೂ ಕೇಳಿರಲಿಲ್ಲ.

ಹಾಡು ಮುಗಿಯಿತು. ಕೆಂಪಯ್ಯ ತಲೆ ಎತ್ತಿ ಮುಂದಿನ ಸಾಲಿನ ಕಡೆ ನೋಡಿದ. ಚಾಮಯ್ಯ ಮೇಷ್ಟ್ರು ಶ್ರುತಿ ಬಿಡದೆ ಹಿಡಿದುಕೊಂಡು ಅವರೂ ಅಲ್ಲಿಗೇ ನೋಡಿದರು. ಇಡೀ ಸಭೆ ಗಂಗಾಧರಸ್ವಾಮಿಯವರ ಬಾಯಿಂದ ಬರುವ ಮಾತಿಗಾಗಿ ಕಾಯಿತು. ಅವರು ಕುರ್ಚಿಯ ಎರಡೂ ಕೈ ಬಿಗಿಯಾಗಿ ಹಿಡಿದು ಕೂತರು. ಹೊಟ್ಟೆಯಿಂದ ಎದ್ದ ಮಾತು ಹಲ್ಲಿನವರೆಗೆ ಬಂದಿತ್ತು. ಹಲ್ಲು ಕಚ್ಚಿಕೊಂಡರು. ಶ್ರುತಿ ಇನ್ನೂ ನಡೆಯುತ್ತಿತ್ತು. ಕೆಂಪಯ್ಯ ಇನ್ನೂ ನೋಡುತ್ತಿದ್ದ, ಅಂಟಿಸಿದ ಗಡ್ಡದ ಒಳಗೆ ತುಟಿ ಸ್ವಲ್ಪ ತೆರೆದಿತ್ತು. ಆಮೇಲೆ ಚಾಮಯ್ಯ ಮೇಷ್ಟ್ರು ಹಾರ್ಮೋನಿಯಂ ತಿದಿಯಿಂದ ಕೈ ತೆಗೆದರು. ಕೆಂಪಯ್ಯ ಎದ್ದು, ಬಟ್ಟೆಯ ಧೂಳು ಕೊಡವಿಕೊಂಡು ಒಳಗೆ ಹೋದ. ಯಾರೋ ಚಪ್ಪಾಳೆ ತಟ್ಟಿದರು. ಎಷ್ಟಾದರೂ ಅದು ಬರೀ ಚಪ್ಪಾಳೆ.

ಗಂಗಾಧರಸ್ವಾಮಿ ಬಣ್ಣದ ಕೋಣೆಗೆ ಹೋಗಲಿಲ್ಲ. ಹೋಗಿ ಯಾವ ಮುಖ ತೋರಿಸುವುದು? ಊಟಕ್ಕೂ ನಿಲ್ಲದೆ ನಂಜನಗೂಡಿನ ಬಸ್ಸು ಹತ್ತಿದರು.

ಅವರೆಕಾಯಿ ಕಾಲ ಬರುವ ಹೊತ್ತಿಗೆ ಕೆಂಪಯ್ಯ ಊರಿಗೆ ಬಂದಿದ್ದಾನೆಂದು ತಿಳಿದು ನೋಡಲು ಹೋದರು. ಜಗಲಿಯ ಮೇಲೆ ಕೂತಿದ್ದ. ಅರ್ಧ ಆಳಾಗಿದ್ದ. ಕತ್ತಿನ ನಡುವಿನ ತೂತಿಗೆ ತೆಳುವಾದ ಬಿಳಿ ಬಟ್ಟೆ ಕಟ್ಟಿತ್ತು, ಉಸಿರಾಡಿದಾಗ ಅದು ಒಳಹೋಗಿ ಹೊರಬರುತ್ತಿತ್ತು. ಇವರನ್ನು ಕಂಡು ಎದ್ದು ನಿಂತು ಕೈ ಮುಗಿದ. ವೆಂಕಟಮ್ಮ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. “ಬನ್ನಿ ಸ್ವಾಮೇರೇ,” ಎಂದಳಷ್ಟೇ.

ಬೆಳೆ, ನೀರು, ಆಸ್ಪತ್ರೆ ಎಂದು ಗಂಗಾಧರಸ್ವಾಮಿ ಒಬ್ಬರೇ ಮಾತಾಡಿದರು. ಕೊನೆಗೆ ತಡೆಯಲಾಗಲಿಲ್ಲ.

“ಕೆಂಪಯ್ಯ, ಅವತ್ತಿನ ಹಾಡು ಇದೆಯಲ್ಲ, ಅಂಥದ್ದನ್ನ ನಾನು ಜನ್ಮದಲ್ಲಿ ಕೇಳಿಲ್ಲ ಕಣಯ್ಯ. ಈಶ್ವರನಾಣೆ.”

ಕೆಂಪಯ್ಯ ನಕ್ಕ. ಸದ್ದಿಲ್ಲದ ನಗು. ಬಿಡಿ ಎನ್ನುವಂತೆ ಕೈ ಆಡಿಸಿ, ಅವರ ಮಂಡಿ ತಟ್ಟಿದ, ಅಳುವ ಮಗುವನ್ನು ಸಮಾಧಾನ ಮಾಡುವ ಹಾಗೆ.

“ಮುಲಾಜಿಗೆ ಹೇಳ್ತಿಲ್ಲ. ನಿಜ ಹೇಳ್ತಿದೀನಿ.”

ಈಗ ಅವನು ನಗಲಿಲ್ಲ. ಅವರ ಮುಖವನ್ನೇ ನೋಡಿದ. ಬೆರಳನ್ನು ಅವರ ಬಾಯಿಯ ಕಡೆಗೆ ತೋರಿಸಿ, ಅಂಗೈ ಮೇಲೆ ಮಾಡಿ ಹಿಡಿದ. ಹಾಗಿದ್ದರೆ ಯಾಕೆ ಅನ್ನಲಿಲ್ಲ?

ಬಾಗಿಲಲ್ಲಿ ಅವರೆಕಾಯಿ ಸುಲಿಯುವ ಸದ್ದು ನಿಂತಿತು. ವೆಂಕಟಮ್ಮ ತಲೆ ಎತ್ತಿರಲಿಲ್ಲ; ಕಾಯಿಯ ಮೇಲೆ ಅವಳ ಬೆರಳು ಹಾಗೆಯೇ ನಿಂತಿತ್ತು. ಇನ್ನು ಮುಂದೆ ಅವನ ಬಾಯಿ, ಕೈ ಎಲ್ಲ ಅವಳೇ. ಆ ತೂತನ್ನು ದಿನವೂ ತೊಳೆಯುವವಳೂ ಅವಳೇ.

ಗಂಗಾಧರಸ್ವಾಮಿ ಕೆಂಪಯ್ಯನ ಕಡೆ ತಿರುಗಿದರು.

“ಎರಡನೇ ಚರಣ,” ಎಂದರು. “ಮೇಲಿನ ಷಡ್ಜಕ್ಕೆ ಹೋದೆಯಲ್ಲ. ಅಲ್ಲಿ ವಸಿ ಅವಸರ ಮಾಡಿಬಿಟ್ಟೆ. ಆ ಸ್ವರ ಒಂದು ನಿಂತಿದ್ರೆ ನಾನು ಎದ್ದೇ ಬಿಡ್ತಿದ್ದೆ.”

ಕೆಂಪಯ್ಯನ ಮುಖ ಸಡಿಲವಾಯಿತು. ಹೌದು ಹೌದು ಎಂದು ತಲೆ ಆಡಿಸಿದ. ತನಗೂ ಹಾಗೇ ಅನ್ನಿಸಿತ್ತು ಎಂದು ಎದೆ ಮುಟ್ಟಿ ತೋರಿಸಿದ. ವೆಂಕಟಮ್ಮ ಸುಲಿದ ಕಾಳಿನ ಮೊರ ಎತ್ತಿಕೊಂಡು ಒಳಗೆ ಹೋದಳು.

ಕೆಂಪಯ್ಯ ಕಾಲು ಮಡಚಿ ನೇರವಾಗಿ ಕೂತ. ತೊಡೆಯ ಮೇಲೆ ತಾಳ ಹಾಕುತ್ತಾ ತುಟಿ ಆಡಿಸತೊಡಗಿದ. ಕತ್ತಿನ ಬಟ್ಟೆ ಬೇಗ ಬೇಗ ಅಲುಗಿತು. ಎರಡನೇ ಚರಣ ಬಂದಾಗ ಕೈಯನ್ನು ಮೆಲ್ಲಗೆ ಮೇಲೆತ್ತಿ, ಅಲ್ಲಿ ನಿಲ್ಲಿಸಿ, ಈಗ ಸರಿಯೇ ಎಂದು ಅವರ ಕಡೆ ನೋಡಿದ. ಗಂಗಾಧರಸ್ವಾಮಿ ತಲೆದೂಗಿದರು. ಅವನಿಗೆ ಅದು ಸಾಲಲಿಲ್ಲ. ಇನ್ನೂ ಸರಿಯಾಗಿಲ್ಲವೆಂದು ಕೈ ಅಲ್ಲಾಡಿಸಿ, ಮತ್ತೆ ಮೊದಲಿನಿಂದ ತಾಳ ಹಾಕಲು ಶುರುಮಾಡಿದ.