ಹಳದಿ ಗುಂಡಿಯ ಸದ್ದು

ಮಧ್ಯಾಹ್ನದ ಬಿಸಿಲು ಕಿಟಕಿಯ ಪರದೆಯನ್ನು ದಾಟಿ ಬರುವಷ್ಟರಲ್ಲಿ ನೀರಿನಂತೆ ತೆಳ್ಳಗಾಗಿತ್ತು. ಆ ಬೆಳಕಿನಲ್ಲಿ ಅವಳು ತನ್ನ ಎರಡು ವರ್ಷದ ಮಗಳ ಎತ್ತರಕ್ಕೆ ಇಳಿದು, ಆಫ್ ಆಗಿದ್ದ ಕಂಪ್ಯೂಟರಿನ ಮುಂದೆ ನೆಲದ ಮೇಲೆ ಮಂಡಿಯೂರಿ ಕೂತಿದ್ದಳು. ಕಣ್ಣು ಮುಚ್ಚಿ ಎರಡೂ ಅಂಗೈಯಿಂದ ಕೀಬೋರ್ಡಿಗೆ ಪಟಪಟ ಬಡಿದಳು. ಮೊಣಕೈಯಿಂದ ಒತ್ತಿದಳು. ಕೊನೆಗೆ ಅತ್ತಿತ್ತ ನೋಡಿ, ಅದರ ಮೂಲೆಯನ್ನು ಕಚ್ಚಿಯೂ ನೋಡಿದಳು.

"ಅತ್ತಿಗೆ, ಹಸಿವಾಗಿದ್ರೆ ಅಡುಗೆಮನೆ ಆ ಕಡೆ," ಎಂದಳು ಬಾಗಿಲಲ್ಲಿ ನಿಂತಿದ್ದ ನಾದಿನಿ.

"ನಗಬೇಡ ಕಣೇ. ಪುಟಾಣಿ ಕಚ್ಚದೇ ಬಿಡ್ತಾಳಾ? ಗುಂಡಿ ಕಿತ್ತು ಬಂದು ಗಂಟಲಲ್ಲಿ ಸಿಕ್ಕಿಕೊಂಡ್ರೆ?"

"ಗಟ್ಟಿ ಅಂಟು ಹಾಕಿದ್ದೀನಿ. ಮೊದಲು ನಿಮ್ಮ ಹಲ್ಲು ಕಿತ್ತು ಬರುತ್ತೆ."

ನಾದಿನಿ ನಾಟಕಗಳಿಗೆ ಸದ್ದು ಮಾಡಿಕೊಡುವವಳು. ತಗಡು ಅಲ್ಲಾಡಿಸಿ ಗುಡುಗು ತರಿಸುವುದು ಅವಳ ಉದ್ಯೋಗ. ಮನೆಯ ಹಳೇ ಕಂಪ್ಯೂಟರನ್ನು ಎರಡೇ ದಿನದಲ್ಲಿ ಅವಳು ಮಗುವಿನ ಕೈಗೆ ಹೊಂದುವಂತೆ ಮಾಡಿದ್ದಳು. ಮೌಸ್ ತೆಗೆದಿಟ್ಟಿದ್ದಳು. ವೈರುಗಳನ್ನೆಲ್ಲ ಕೊಳವೆಯೊಳಗೆ ತೂರಿಸಿ ಗೋಡೆಗೆ ಬಿಗಿದಿದ್ದಳು. ಕೀಬೋರ್ಡಿನ ಮೇಲೆ ದಪ್ಪ ರಟ್ಟು ಹೊದಿಸಿ ಐದೇ ಗುಂಡಿಗಳನ್ನು ಉಳಿಸಿ, ಒಂದೊಂದಕ್ಕೂ ಅಂಗೈಯಗಲದ ಬಣ್ಣದ ಮುಚ್ಚಳ ಕೂರಿಸಿದ್ದಳು. ಯಾವುದನ್ನು ಒತ್ತಿದರೂ ಸ್ಕ್ರೀನಿನ ತುಂಬ ಆ ಬಣ್ಣ ಹರಡಿ, ಪಕ್ಕದ ಸ್ಪೀಕರಿನಿಂದ ಗುಬ್ಬಿಯದೋ ಗಂಟೆಯದೋ ಒಂದು ಸದ್ದು ಹೊಮ್ಮುತ್ತಿತ್ತು.

ಆ ಸದ್ದಿಗಾಗಿಯೇ ಇಷ್ಟೆಲ್ಲ. ಪುಟಾಣಿಗೆ ಕಿವಿ ಮಂದ ಎಂದು ತಿಳಿದದ್ದು ಹೋದ ತಿಂಗಳು. ಎರಡೂ ಕಿವಿಗೆ ಹುಣಿಸೆ ಬೀಜದಷ್ಟು ಚಿಕ್ಕ, ಕೇಳಿಸುವ ಮಷಿನ್ನುಗಳು ಬಂದವು. "ಎಚ್ಚರವಿರೋ ಹೊತ್ತೆಲ್ಲ ಹಾಕಿಕೊಂಡಿದ್ರೆ ಮಾತು ಬರುತ್ತೆ, ಇಲ್ಲದಿದ್ರೆ ಕಷ್ಟ," ಎಂದಿದ್ದರು ಡಾಕ್ಟರಮ್ಮ. "ಬಲವಂತ ಮಾಡಬೇಡಿ. ಕೇಳೋದು ಅವಳಿಗೇ ಬೇಕು ಅನ್ನಿಸಬೇಕು." ಪುಟಾಣಿಗೆ ಬೇಕೆನ್ನಿಸಿರಲಿಲ್ಲ. ಹಾಕಿದ ಮರುಕ್ಷಣ ಕಿತ್ತು ಎಸೆಯುತ್ತಿದ್ದಳು. ಒಮ್ಮೆ ಹೂಕುಂಡದಲ್ಲಿ ಸಿಕ್ಕಿತು, ಇನ್ನೊಮ್ಮೆ ಅಪ್ಪನ ಶೂವಿನಲ್ಲಿ.

ಮಗು ಕೊಳದ ತಳದಲ್ಲಿ ಕೂತಂತೆ, ಮೇಲೆ ತಾವೆಲ್ಲ ಮೀನುಗಳ ಹಾಗೆ ಬಾಯಿ ತೆರೆದು ಮುಚ್ಚುತ್ತಿರುವಂತೆ ಅಮ್ಮನಿಗೆ ಹಗಲಲ್ಲೇ ಕನಸು ಬೀಳುತ್ತಿತ್ತು. ಕೊಳದೊಳಗೆ ಕಲ್ಲು ಎಸೆಯಬಾರದು, ಹೂವು ತೇಲಿಬಿಡಬೇಕು. ಅದಕ್ಕೇ ನಾದಿನಿ ಕೇಳಿಸಿದ ಪ್ರತಿ ಸದ್ದಿಗೂ, "ಇನ್ನೂ ಸ್ವಲ್ಪ ಮೆಲ್ಲಗೆ" ಎನ್ನುತ್ತಿದ್ದಳು.

"ಇದಕ್ಕಿಂತ ಮೆಲ್ಲಗಾದ್ರೆ ಸದ್ದು ವಾಪಸ್ಸು ಗುಬ್ಬಿ ಬಾಯೊಳಗೇ ಹೋಗುತ್ತೆ, ಅತ್ತಿಗೆ."

ಪುಟಾಣಿ ನಿದ್ದೆ ಮುಗಿಸಿ ಎದ್ದಳು. ಅರೆನಿದ್ದೆಯಲ್ಲೇ ಮಷಿನ್ನು ಹಾಕಿಸಿಕೊಂಡು, ಮಣೆಯ ಮೇಲೆ ಕೂತು ಹಸಿರು ಗುಂಡಿಗೆ ಬಡಿದಳು. ಗುಬ್ಬಿ ಚಿಲಿಗುಟ್ಟಿತು, ಕೋಣೆಯೆಲ್ಲ ಹಸಿರಾಯಿತು. ನೀಲಿಗೆ ಹನಿ ತೊಟ್ಟಿಕ್ಕಿತು. ಕೆಂಪಿಗೆ ಗಂಟೆ, ಬಿಳಿಗೆ ಗಾಳಿ. ಮಗು ಬಣ್ಣಗಳನ್ನು ಮಾತ್ರ ನೋಡುತ್ತಿತ್ತು. ಒಂದು ಕೈ ಆಗಲೇ ಕಿವಿಯ ಹತ್ತಿರ ಸುಳಿಯುತ್ತಿತ್ತು.

ಅಷ್ಟರಲ್ಲಿ ಇನ್ನೊಂದು ಕೈ, ಅಮ್ಮ ಇನ್ನೂ ಕೇಳಿರದ ಹಳದಿ ಗುಂಡಿಯ ಮೇಲೆ ಬಿತ್ತು. ಬಕೆಟ್ಟಿಗೆ ನೀರು ಧುಮುಕಿತು. ಅದರ ಹಿಂದೆಯೇ, "ಅಯ್ಯೋ, ಒದ್ದೆ ನೆಲ ಕಣೇ, ಜಾರ್ತೀಯ! ಆ ವೈರು ನೀರಿಗೆ ಬೀಳುತ್ತೆ! ನಿಧಾನ, ನಿಧಾನ ಅಂದೆ!"

ಅಮ್ಮನದೇ ದನಿ. ಬೆಳಿಗ್ಗೆ ನಾದಿನಿ ಬಚ್ಚಲಲ್ಲಿ ರೆಕಾರ್ಡು ಮಾಡುವಾಗ ಬಾಗಿಲಲ್ಲಿ ನಿಂತು ಕೂಗಿದ್ದು.

"ಅಳಿಸಿಲ್ವೇನೇ ಅದನ್ನ?"

"ಮರೆತೇ ಹೋಯ್ತು. ಬಕೆಟ್ಟಿಗೆ ನೀರಿಗಿಂತ ನೀವೇ ಜಾಸ್ತಿ ಸುರಿದಿದ್ದೀರಿ."

ಪುಟಾಣಿ ಅಲ್ಲಾಡದೆ ಕೂತಿದ್ದಳು. ಮತ್ತೆ ಹಳದಿ ಒತ್ತಿದಳು. ಅಯ್ಯೋ ಎಂದಿತು ಸ್ಪೀಕರು. ಇನ್ನೊಮ್ಮೆ ಒತ್ತಿದಳು.

"ನಿಲ್ಲಿಸೇ, ಮಗು ಹೆದರುತ್ತೆ!" ಅವಳು ಮುಂದೆ ಬಾಗಿದಳು. ನಾದಿನಿ ಅವಳ ಮಣಿಕಟ್ಟು ಹಿಡಿದಳು.

"ಹೆದರಿರೋದು ಯಾರು, ಸ್ವಲ್ಪ ನೋಡಿ."

ಮಗು ಕೆನ್ನೆಯನ್ನು ಸ್ಪೀಕರಿಗೆ ಆನಿಸಿ ಹಲ್ಲು ಬಿಟ್ಟು ನಗುತ್ತಿತ್ತು. ಮಷಿನ್ನು ಬಂದ ದಿನದಿಂದ ತಾನು ಮಗುವಿನೆದುರು ಒಂದು ಮಾತನ್ನೂ ಗಂಟಲು ಬಿಟ್ಟು ಆಡಿಲ್ಲ ಎಂಬುದು ಅವಳಿಗೆ ಆಗ ಹೊಳೆಯಿತು. ಕಿವಿಗೆ ನೋವಾದೀತೆಂದು ಪಿಸುಗುಟ್ಟುತ್ತಲೇ ಇದ್ದಳು. ಪಿಸುಮಾತು ಕೇಳಲು ಯಾರು ತಾನೇ ಅಷ್ಟು ಕಷ್ಟಪಟ್ಟಾರು?

ನಗುತ್ತ ನಗುತ್ತಲೇ ಪುಟಾಣಿಯ ಕೈಗಳು ಅಭ್ಯಾಸಬಲದಿಂದ ಕಿವಿಗೆ ಹೋದವು. ಎರಡೂ ಮಷಿನ್ನು ಕಿತ್ತು ಬಂದು, ಕುಯ್ಯೆನ್ನುತ್ತ ಮಣೆಯ ಕೆಳಗೆ ಉರುಳಿದವು. ಹೋಯಿತು ಎಂದುಕೊಂಡಳು ಅವಳು. ಎತ್ತಿಕೊಡಲು ಚಾಚಿದ ಕೈಯನ್ನು ಯಾಕೋ ಹಿಂದಕ್ಕೆ ತೆಗೆದುಕೊಂಡಳು.

ಪುಟಾಣಿ ಹಳದಿ ಒತ್ತಿದಳು. ಕೋಣೆ ಹಳದಿಯಾಯಿತು. ಹುಬ್ಬು ಗಂಟಿಕ್ಕಿ ಇನ್ನಷ್ಟು ಜೋರಾಗಿ ಒತ್ತಿದಳು. ಸ್ಪೀಕರಿನ ಹಿಂದೆ ಇಣುಕಿದಳು. ಆಮೇಲೆ ಮಣೆಯಿಂದಿಳಿದು, ನೆಲದ ಮೇಲೆ ಬೋರಲಾಗಿ, ಹಳದಿ ಬೆಳಕಿನಲ್ಲಿ ಈಜುವವಳಂತೆ ಕೈ ಆಡಿಸಿದಳು. ಎದ್ದಾಗ ಒಂದೊಂದು ಮುಷ್ಟಿಯಲ್ಲಿ ಒಂದೊಂದು ಮಷಿನ್ನಿತ್ತು. ಒಂದನ್ನು ತಾನೇ ಕೆನ್ನೆಗೆ ಒತ್ತಿಕೊಂಡು ನೋಡಿದಳು. ಪ್ರಯೋಜನವಾಗಲಿಲ್ಲ. ಅಮ್ಮನ ಹತ್ತಿರ ಬಂದು ಎರಡೂ ಮುಷ್ಟಿ ಚಾಚಿದಳು.

ಅಮ್ಮ ಒಂದನ್ನು ಕಿವಿಗೆ ಕೂರಿಸಿದಳು, ಇನ್ನೊಂದನ್ನೂ ಕೂರಿಸಿದಳು. ಪುಟಾಣಿ ಕಂಪ್ಯೂಟರಿನ ಕಡೆ ತಿರುಗಲಿಲ್ಲ. ಅಮ್ಮನ ಬಾಯನ್ನೇ ನೋಡುತ್ತ ನಿಂತಳು.

"ಹೇಳಿ ಅತ್ತಿಗೆ, ಕಾಯ್ತಿದ್ದಾಳೆ."

"ಏನು ಹೇಳ್ಲೇ?"

ತೂಗಿ ಅಳೆದು ಇಟ್ಟುಕೊಂಡಿದ್ದ ಮಾತೊಂದೂ ನೆನಪಾಗಲಿಲ್ಲ. "ಏನಮ್ಮಾ ಪುಟಾಣಿ, ಹೀಗೆ ಗುರಾಯಿಸ್ತೀಯಾ?" ಎಂದಳು ತುಂಬುಗಂಟಲಿನಲ್ಲಿ. "ಮೂಗೆಲ್ಲ ಧೂಳು ಮಾಡ್ಕೊಂಡಿದ್ದೀಯಲ್ಲೇ! ನಿಮ್ಮತ್ತೆ ಕಾಲುಚೀಲ ನೋಡಿದ್ಯಾ, ಹೆಬ್ಬೆರಳು ಹೊರಗೆ ಬಂದಿದೆ!"

ಉಸಿರು ಸಾಲದೆ ನಿಲ್ಲಿಸಿದಳು. ಪುಟಾಣಿ ಸ್ವಲ್ಪ ಹೊತ್ತು ಕಾದಳು. ಆಮೇಲೆ ಅಂಗೈಯನ್ನು ಅಮ್ಮನ ಗಲ್ಲದ ಮೇಲಿಟ್ಟು ಗಟ್ಟಿಯಾಗಿ ಒತ್ತಿದಳು.